ಸ್ನೋಬೋರ್ಡ್ ಕಲಿಯುವುದು ಹೇಗೆ? ಜಾರುವ ಮೊದಲು ನಿಲ್ಲುವುದನ್ನು ಕಲಿಯಿರಿ

ಧಾರವಾಡದಲ್ಲಿ ಡಿಸೆಂಬರಿನ ಬೆಳಗಿನ ಜಾವ ಕೆಲಗೇರಿ ಕೆರೆಯ ಏರಿಯ ಮೇಲೆ ನಡೆಯಲು ಹೋಗುವವರು ಸ್ವೆಟರು ತೊಟ್ಟು, ಮಫ್ಲರು ಸುತ್ತಿಕೊಂಡು ಹೊರಡುತ್ತಾರೆ ನಿಜ. ಆದರೆ ಹಿಮ ಎಂಬುದು ನಮ್ಮ ಕಡೆಯವರಿಗೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿಕೊಳ್ಳುವ ಬಿಳಿಯ ಪದರವಷ್ಟೇ. ಹೀಗಿದ್ದೂ ಕಾಶ್ಮೀರಕ್ಕೋ ಮನಾಲಿಗೋ ಹೋಗಿ ಬಂದವರ ಮೊಬೈಲಿನಲ್ಲಿ ಹಲಗೆಯ ಮೇಲೆ ನಿಂತು ಹಿಮದಲ್ಲಿ ಜಾರುವವರನ್ನು ಕಂಡು, ಇದು ನಮ್ಮಿಂದಲೂ ಆದೀತೇ ಎಂದು ಕೇಳುವವರು ಆಗಾಗ ಸಿಗುತ್ತಾರೆ. ಆಗುತ್ತದೆ. ನಲವತ್ತರ ಹತ್ತಿರ ಬಂದ ಮೇಲೆ ಕಲಿಯಲು ಹೋದ ಈ ಲೇಖಕನಿಗೇ ಆಗಿದೆ. ಆದರೆ ಎರಡು ದಿನದ ಪ್ರವಾಸದ ನಡುವೆ ಒಂದು ಗಂಟೆ ಬಿಡುವು ಮಾಡಿಕೊಂಡು ಕಲಿಯುವ ವಿದ್ಯೆ ಇದಲ್ಲ. ಹಿಮದ ಮೇಲೆಯೇ ಕಳೆಯುವ ಆರೇಳು ದಿನಗಳು ಬೇಕು, ಅದಕ್ಕೂ ಮೊದಲು ಊರಿನಲ್ಲಿ ಒಂದೆರಡು ತಿಂಗಳ ತಯಾರಿ ಬೇಕು.

ಸ್ಕೀಯಿಂಗ್‌ನಲ್ಲಿ ಎರಡು ಕಾಲಿಗೆ ಎರಡು ಉದ್ದನೆಯ ಪಟ್ಟಿಗಳು, ಎರಡು ಕೈಗೆ ಎರಡು ಕೋಲುಗಳು ಇರುತ್ತವೆ. ಸ್ನೋಬೋರ್ಡಿಂಗ್‌ನಲ್ಲಿ ಇರುವುದು ಒಂದೇ ಅಗಲವಾದ ಹಲಗೆ. ಎರಡೂ ಪಾದಗಳನ್ನು ಅದರ ಮೇಲೆ ಅಡ್ಡಲಾಗಿ ಇಟ್ಟು ಪಟ್ಟಿಗಳಿಂದ ಬಿಗಿದುಕೊಂಡು, ದೇಹದ ಒಂದು ಮಗ್ಗುಲನ್ನು ಮುಂದೆ ಮಾಡಿ ಇಳಿಯಬೇಕು. ಊರಿಕೊಳ್ಳಲು ಕೋಲು ಇಲ್ಲ. 1965ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಮಸ್ಕೀಗನ್‌ನಲ್ಲಿ ಶೆರ್ಮನ್ ಪಾಪೆನ್ ಎಂಬಾತ ತನ್ನ ಮಕ್ಕಳ ಆಟಕ್ಕೆಂದು ಎರಡು ಸ್ಕೀಗಳನ್ನು ಜೋಡಿಸಿ ಮಾಡಿದ ‘ಸ್ನರ್ಫರ್’ ಈ ಹಲಗೆಯ ಪೂರ್ವಜ. ಮೂವತ್ತಮೂರು ವರ್ಷಗಳ ನಂತರ, 1998ರ ಜಪಾನಿನ ನಗಾನೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಸ್ಥಾನ ಸಿಕ್ಕಿತು. ಹಲಗೆಯ ಎರಡೂ ಉದ್ದ ಅಂಚುಗಳಿಗೆ ಉಕ್ಕಿನ ಪಟ್ಟಿ ಕೂಡಿಸಿರುತ್ತಾರೆ. ಒಂದು ಹಿಮ್ಮಡಿಯ ಕಡೆಯ ಅಂಚು, ಇನ್ನೊಂದು ಕಾಲ್ಬೆರಳುಗಳ ಕಡೆಯ ಅಂಚು. ನಿಲ್ಲುವುದು, ನಿಧಾನವಾಗುವುದು, ತಿರುಗುವುದು ಎಲ್ಲವೂ ಈ ಎರಡು ಅಂಚುಗಳಲ್ಲಿ ಯಾವುದನ್ನು ಎಷ್ಟು ಒತ್ತುತ್ತೀರಿ ಎಂಬುದರ ಮೇಲೆ ನಿಂತಿದೆ.

ಊರಿನಲ್ಲಿ ಮಾಡಿಕೊಳ್ಳುವ ತಯಾರಿ

ಮೊದಲು ತಿಳಿಯಬೇಕಾದದ್ದು ನಿಮ್ಮ ಮುಂದಿನ ಕಾಲು ಯಾವುದೆಂಬುದು. ಮನೆಯ ಪಡಸಾಲೆಯ ನುಣುಪಾದ ಫರಸಿಯ ಮೇಲೆ ಸಾಕ್ಸ್ ತೊಟ್ಟು ನಾಲ್ಕು ಹೆಜ್ಜೆ ಓಡಿ ಜಾರಿ ನೋಡಿ. ಯೋಚಿಸದೆಯೇ ಯಾವ ಕಾಲು ಮುಂದೆ ಹೋಗುತ್ತದೆಯೋ ಬಹುತೇಕ ಅದೇ ನಿಮ್ಮ ಮುಂದಿನ ಕಾಲು. ಎಡಗಾಲು ಮುಂದಿದ್ದರೆ ‘ರೆಗ್ಯುಲರ್’ ಎಂದೂ, ಬಲಗಾಲು ಮುಂದಿದ್ದರೆ ‘ಗೂಫಿ’ ಎಂದೂ ಕರೆಯುತ್ತಾರೆ. ಬಲಗೈ ಬಳಸುವವರೆಲ್ಲ ರೆಗ್ಯುಲರ್ ಆಗಿಯೇ ಇರಬೇಕೆಂದಿಲ್ಲ, ಗೂಫಿ ಎಂಬುದು ದೋಷವೂ ಅಲ್ಲ. ಹಲಗೆ ಬಾಡಿಗೆಗೆ ಕೊಡುವವರು ಕೇಳುವ ಮೊದಲ ಪ್ರಶ್ನೆಯೇ ಇದಾದ್ದರಿಂದ, ಅಂಗಡಿಯ ಗದ್ದಲದಲ್ಲಿ ಊಹಿಸಿ ಹೇಳುವುದಕ್ಕಿಂತ ಮನೆಯಲ್ಲೇ ನಾಲ್ಕಾರು ಬಾರಿ ಪರೀಕ್ಷಿಸಿಕೊಳ್ಳುವುದು ಲೇಸು.

ಎರಡನೆಯದು ತೊಡೆಗಳ ಬಲ. ಹಲಗೆಯ ಮೇಲೆ ದಿನವಿಡೀ ಮೊಣಕಾಲು ಮಡಿಸಿಯೇ ನಿಲ್ಲಬೇಕಾಗುತ್ತದೆ; ಕಾಲು ನೆಟ್ಟಗೆ ಮಾಡಿ ನಿಂತವನು ಮರುಕ್ಷಣ ನೆಲದ ಮೇಲಿರುತ್ತಾನೆ. ಇದಕ್ಕೆ ದುಬಾರಿ ಜಿಮ್ ಬೇಕಿಲ್ಲ, ನಮ್ಮ ಗರಡಿಮನೆಯ ಬಸ್ಕಿಯೇ ಸಾಕು. ದಿನಕ್ಕೆ ಐವತ್ತರಿಂದ ಆರಂಭಿಸಿ ಏರಿಸುತ್ತ ಹೋಗಬಹುದು. ಜೊತೆಗೆ ಗೋಡೆಗೆ ಬೆನ್ನು ಆನಿಸಿ ಕುರ್ಚಿಯಿಲ್ಲದೆ ಕುಳಿತಂತೆ ಒಂದೊಂದು ನಿಮಿಷ ನಿಲ್ಲುವುದು, ಕಣ್ಣು ಮುಚ್ಚಿ ಒಂಟಿ ಕಾಲಿನಲ್ಲಿ ನಿಲ್ಲುವುದು, ವಾರಕ್ಕೆ ಮೂರು ದಿನ ನೃಪತುಂಗ ಬೆಟ್ಟದಂಥ ಏರನ್ನು ಹತ್ತಿ ಇಳಿಯುವುದು ಇವಿಷ್ಟನ್ನು ರೂಢಿಸಿಕೊಂಡರೆ ಸಾಕು. ಬೆಟ್ಟ ಹತ್ತುವುದಕ್ಕಿಂತ ಇಳಿಯುವುದೇ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ರಸ್ತೆಯ ಮೇಲಿನ ಸ್ಕೇಟ್‌ಬೋರ್ಡ್ ಬಲ್ಲವರಿಗೆ ಸಮತೋಲನದಲ್ಲಿ ಅನುಕೂಲವಿದೆ, ಆದರೆ ಹಿಮದ ಹಲಗೆಗೆ ಕಾಲು ಕಟ್ಟಿರುವುದರಿಂದ ಹಾರಿ ಇಳಿದು ತಪ್ಪಿಸಿಕೊಳ್ಳುವ ದಾರಿ ಇರುವುದಿಲ್ಲ.

ಎಲ್ಲಿಗೆ, ಯಾವಾಗ

ಭಾರತದಲ್ಲಿ ಗುಲ್ಮಾರ್ಗ್, ಮನಾಲಿ ಬಳಿಯ ಸೋಲಂಗ್ ಮತ್ತು ಉತ್ತರಾಖಂಡದ ಔಲಿ ಇದಕ್ಕೆ ಹೆಸರಾದ ಸ್ಥಳಗಳು. ಇಳಿಜಾರು ಹಾಗೂ ಹಿಮದ ಗುಣ ಎರಡನ್ನೂ ನೋಡಿದರೆ ನನ್ನ ಆಯ್ಕೆ ಗುಲ್ಮಾರ್ಗ್. ಶ್ರೀನಗರದಿಂದ ಸುಮಾರು 50 ಕಿಲೋಮೀಟರ್ ದೂರದ ಈ ಹುಲ್ಲುಗಾವಲು ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ನಮ್ಮ ಧಾರವಾಡ ಇರುವುದು ಸುಮಾರು 750 ಮೀಟರಿನಲ್ಲಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಡಿಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇಲ್ಲಿದೆ, 2020ರಿಂದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟಗಳೂ ಇಲ್ಲಿ ನಡೆದಿವೆ. ಸರ್ಕಾರಿ ಸಂಸ್ಥೆಗಳ ಶಿಬಿರಗಳಲ್ಲಿ ಸ್ಕೀಯಿಂಗ್‌ಗೇ ಪ್ರಾಧಾನ್ಯವಿರುವುದರಿಂದ, ಹಣ ಕಟ್ಟುವ ಮೊದಲು ಸ್ನೋಬೋರ್ಡ್ ಕಲಿಸುವ ತರಬೇತುದಾರರು ಇದ್ದಾರೆಯೇ ಎಂದು ಸ್ಪಷ್ಟವಾಗಿ ಕೇಳಿಕೊಳ್ಳಬೇಕು.

ಹಿಮದ ಋತು ಡಿಸೆಂಬರ್ ಮಧ್ಯದಿಂದ ಮಾರ್ಚ್‌ವರೆಗೆ ಎಂದು ಹೇಳುವುದು ವಾಡಿಕೆ. ಆದರೆ 2024ರ ಜನವರಿಯಲ್ಲಿ ಬಹುಪಾಲು ದಿನ ಗುಲ್ಮಾರ್ಗ್‌ನ ಬಯಲು ಬೋಳಾಗಿತ್ತು. ಮಳೆಯನ್ನು ನಂಬಿ ಬಿತ್ತುವ ನಮಗೆ ಈ ಅನಿಶ್ಚಿತತೆ ಹೊಸದೇನಲ್ಲ. ಜನವರಿಯ ಕೊನೆಯ ವಾರದಿಂದ ಫೆಬ್ರುವರಿ ಮಧ್ಯದವರೆಗಿನ ದಿನಗಳನ್ನು ಆರಿಸಿಕೊಂಡರೆ ಹಿಮ ಸಿಗುವ ಸಂಭವ ಹೆಚ್ಚು. ಹುಬ್ಬಳ್ಳಿ ಮಾರ್ಗವಾಗಿ ಹೋಗುವ ಕರ್ನಾಟಕ ಸಂಪರ್ಕ ಕ್ರಾಂತಿ ರೈಲಿನಲ್ಲಿ ದೆಹಲಿಗೆ, ಅಲ್ಲಿಂದ ವಿಮಾನದಲ್ಲಿ ಶ್ರೀನಗರಕ್ಕೆ ಹೋಗಬಹುದು. ತಲುಪಿದ ಮೊದಲ ದಿನ ಹಲಗೆ ಮುಟ್ಟದೆ, ನೀರು ಚೆನ್ನಾಗಿ ಕುಡಿದು, ಎತ್ತರಕ್ಕೆ ಮೈ ಒಗ್ಗಿಸಿಕೊಳ್ಳಬೇಕು. ತಲೆನೋವು, ವಾಕರಿಕೆ ಕಂಡರೆ ಮೇಲಕ್ಕೆ ಹೋಗಬಾರದು.

ಉಡುಪು ಮತ್ತು ಸಲಕರಣೆ

ಹತ್ತಿ ಬೆಳೆಯುವ ನಾಡಿನವರಾಗಿ ಇದನ್ನು ಹೇಳಲು ತುಸು ಸಂಕೋಚವಾಗುತ್ತದೆ: ಹಿಮದ ಮೇಲೆ ಹತ್ತಿಬಟ್ಟೆ ಬೇಡ. ಅದು ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿದು, ನಿಂತ ಕೂಡಲೇ ಮೈಯನ್ನು ಕೊರೆಯತೊಡಗುತ್ತದೆ. ಮೈಗೆ ಅಂಟಿದಂತೆ ಉಣ್ಣೆಯ ಅಥವಾ ಪಾಲಿಯೆಸ್ಟರಿನ ತೆಳು ಒಳಅಂಗಿ, ಅದರ ಮೇಲೆ ಉಣ್ಣೆ ಅಥವಾ ಫ್ಲೀಸಿನ ಸ್ವೆಟರು, ಎಲ್ಲಕ್ಕೂ ಹೊರಗೆ ನೀರು ಇಳಿಯದ ಜಾಕೆಟ್ ಮತ್ತು ಪ್ಯಾಂಟು, ಹೀಗೆ ಮೂರು ಪದರ ಸಾಕು. ಮೊದಲ ದಿನಗಳಲ್ಲಿ ಅರ್ಧ ಹೊತ್ತು ಹಿಮದಲ್ಲೇ ಕುಳಿತಿರುತ್ತೀರಾದ್ದರಿಂದ ಪ್ಯಾಂಟಿನ ವಿಷಯದಲ್ಲಿ ಜಿಪುಣತನ ಮಾಡಬಾರದು. ಹಿಮವು ನೇರಳಾತೀತ ಕಿರಣಗಳಲ್ಲಿ ಶೇ 80ರವರೆಗೂ ಮರಳಿ ಮೇಲಕ್ಕೆ ಎರಚುವುದರಿಂದ, ಮೋಡವಿದ್ದರೂ ಕಣ್ಣಿಗೆ ಗಾಗಲ್, ಮುಖಕ್ಕೆ ಸನ್‌ಸ್ಕ್ರೀನ್ ಬೇಕೇ ಬೇಕು.

ಹಲಗೆ, ಬೂಟು, ಹೆಲ್ಮೆಟ್ ಇವನ್ನು ಮೊದಲ ವರ್ಷ ಕೊಳ್ಳಬೇಡಿ, ಬಾಡಿಗೆಗೆ ಪಡೆಯಿರಿ. ನಿಲ್ಲಿಸಿದಾಗ ಗದ್ದಕ್ಕೂ ಮೂಗಿಗೂ ನಡುವೆ ಬರುವ, ತುಸು ಬಾಗುವ ಮೆತುವಾದ ಹಲಗೆ ಹೊಸಬರಿಗೆ ಹೊಂದುತ್ತದೆ. ತೂಕ ಹೆಚ್ಚಿದ್ದವರಿಗೆ ತುಸು ಉದ್ದದ್ದು. ಹಲಗೆಗಿಂತ ಮುಖ್ಯವಾದದ್ದು ಬೂಟು. ಬೆರಳುಗಳು ತುದಿಯನ್ನು ಹಗುರವಾಗಿ ಮುಟ್ಟಬೇಕು, ಮೊಣಕಾಲು ಮಡಿಸಿದಾಗ ಹಿಮ್ಮಡಿ ಒಳಗೆ ಮೇಲೇಳಬಾರದು. ನಾನು ಹೋದ ಅಂಗಡಿಯೊಂದರಲ್ಲಿ ನನ್ನ ಅಳತೆ ಮುಗಿದಿದೆಯೆಂದು ಒಂದು ಅಳತೆ ದೊಡ್ಡ ಬೂಟು ಕೊಟ್ಟು, ಎರಡು ಜೊತೆ ಸಾಕ್ಸ್ ಹಾಕಿಕೊಳ್ಳಲು ಹೇಳಿದರು. ನಾನು ಒಪ್ಪಿದೆ, ಇಡೀ ದಿನ ಹಲಗೆ ನನ್ನ ಮಾತು ಕೇಳಲಿಲ್ಲ. ಬೂಟಿನೊಳಗೆ ಹಿಮ್ಮಡಿ ಅಲುಗಾಡಿದರೆ ನೀವು ಒತ್ತಿದ್ದು ಅಂಚಿಗೆ ತಲುಪುವುದೇ ಇಲ್ಲ. ಉಣ್ಣೆಯ ಒಂದೇ ಜೊತೆ ಸಾಕ್ಸ್ ಇರಲಿ. ಹೆಲ್ಮೆಟ್ಟಿನ ಜೊತೆಗೆ ಮಣಿಕಟ್ಟಿನ ಕವಚವನ್ನು ಊರಿನಿಂದಲೇ ಕೊಂಡೊಯ್ಯುವುದು ಒಳಿತು, ಅಲ್ಲಿ ಬಾಡಿಗೆಗೆ ಸಿಗುತ್ತದೆಂಬ ಭರವಸೆಯಿಲ್ಲ. ಹೊಸಬರ ಮೂಳೆ ಮುರಿಯುವುದು ಹೆಚ್ಚಾಗಿ ಮಣಿಕಟ್ಟಿನಲ್ಲೇ.

ಹಿಮದ ಮೇಲೆ: ಮೊದಲ ಪಾಠ ಬೀಳುವುದು

ಗರಡಿಯ ಕೆಮ್ಮಣ್ಣಿಗೆ ಇಳಿದ ಹುಡುಗನಿಗೆ ಪಟ್ಟು ಹಾಕುವುದಕ್ಕಿಂತ ಮೊದಲು ಪೆಟ್ಟಾಗದಂತೆ ಬೀಳುವುದನ್ನು ಕಲಿಸುತ್ತಾರೆ. ಇಲ್ಲಿಯೂ ಅದೇ ಕ್ರಮ. ಮುಂದಕ್ಕೆ ಬೀಳುವಾಗ ಮುಷ್ಟಿ ಬಿಗಿದು, ಮೊದಲು ಮೊಣಕಾಲು, ಆಮೇಲೆ ಮುಂಗೈಗಳು ನೆಲಕ್ಕೆ ತಾಗುವಂತೆ ಬೀಳಬೇಕು. ಹಿಂದಕ್ಕೆ ಬೀಳುವಾಗ ಕುಕ್ಕರಿಸಿದಂತೆ ತಗ್ಗಿ, ಕೈಗಳನ್ನು ಎದೆಗೆ ಅವಚಿ, ಗದ್ದವನ್ನು ಎದೆಗೆ ತಾಗಿಸಿ, ಬೆನ್ನನ್ನು ಗುಂಡಗೆ ಮಾಡಿ ಉರುಳಬೇಕು. ಅಂಗೈ ಚಾಚಿ ನೆಲವನ್ನು ತಡೆಯಲು ಹೋಗುವುದು ಮನುಷ್ಯ ಸಹಜ ಪ್ರತಿಕ್ರಿಯೆ, ಅದನ್ನು ಮರೆಸಲೆಂದೇ ಹಲಗೆ ಕಟ್ಟಿಕೊಳ್ಳದೆ ಸಮತಟ್ಟಾದ ಹಿಮದಲ್ಲಿ ಹತ್ತು ಹದಿನೈದು ಬಾರಿ ಬೇಕೆಂದೇ ಬಿದ್ದು ಅಭ್ಯಾಸ ಮಾಡಬೇಕು.

ನಂತರ ಮುಂದಿನ ಕಾಲನ್ನು ಮಾತ್ರ ಹಲಗೆಗೆ ಕಟ್ಟಿಕೊಂಡು, ಬಿಡುವಾಗಿರುವ ಹಿಂದಿನ ಕಾಲಿನಿಂದ ಹಿಮವನ್ನು ತಳ್ಳುತ್ತ ಸಮತಟ್ಟಿನಲ್ಲಿ ಓಡಾಡಿ. ಹಲಗೆ ತಾನಾಗಿ ಹರಿಯತೊಡಗಿದಾಗ ಹಿಂದಿನ ಕಾಲನ್ನೂ ಅದರ ಮೇಲಿಟ್ಟು ನಿಲ್ಲಿ. ಜಾರುವವರನ್ನು ಗುಡ್ಡದ ಮೇಲಕ್ಕೆ ಒಯ್ಯುವ ಲಿಫ್ಟ್ ಹತ್ತಿ ಇಳಿಯುವಾಗ ಬೇಕಾಗುವುದು ಈ ಒಂಟಿಕಾಲಿನ ನಡೆಯೇ ಆದ್ದರಿಂದ, ಬೇಸರವೆನಿಸಿದರೂ ಅರ್ಧ ದಿನ ಇದಕ್ಕೆ ಕೊಡಬೇಕು.

ಈಗ ಮುಖ್ಯ ಪಾಠ. ಮಳೆಗಾಲದಲ್ಲಿ ಎರೆಹೊಲದ ಎತ್ತರದ ಬದುವಿನಿಂದ ಕೆಳಗಿಳಿಯುವ ರೈತರನ್ನು ನೀವು ನೋಡಿರಬಹುದು. ಜಾರುವ ಮಣ್ಣಿನಲ್ಲಿ ಅವರು ಪಾದವನ್ನು ಚಪ್ಪಟೆಯಾಗಿ ಇಡುವುದಿಲ್ಲ. ಹಿಮ್ಮಡಿಯನ್ನು ಮಣ್ಣಿಗೆ ಕಚ್ಚಿಸಿ, ಅದರ ಬಿಗಿಯನ್ನು ತುಸು ಸಡಿಲಿಸುತ್ತ, ಮತ್ತೆ ಕಚ್ಚಿಸುತ್ತ ಇಳಿಯುತ್ತಾರೆ. ಸ್ನೋಬೋರ್ಡಿನ ಮೂಲ ಸೂತ್ರ ಇದೇ. ಇಳಿಜಾರಿನಲ್ಲಿ ಕೆಳಮುಖವಾಗಿ ಕುಳಿತು, ಹಲಗೆಯನ್ನು ನೀರಿಳಿಯುವ ದಿಕ್ಕಿಗೆ ಅಡ್ಡಲಾಗಿ ಇಟ್ಟುಕೊಂಡು, ಎರಡೂ ಕಾಲು ಬಿಗಿದು, ಒಂದು ಕೈಯನ್ನು ಹಿಂದೆ ಊರಿ ಎದ್ದು ನಿಲ್ಲಿ. ಮೊಣಕಾಲು ಮಡಿಸಿರಲಿ, ಸೊಂಟ ಬಗ್ಗದಿರಲಿ, ಭಾರ ಹಿಮ್ಮಡಿಯ ಮೇಲಿರಲಿ. ಕಾಲ್ಬೆರಳುಗಳನ್ನು ಮೇಲಕ್ಕೆ ಎಳೆದುಕೊಂಡರೆ ಹಿಮ್ಮಡಿಯ ಅಂಚು ಹಿಮವನ್ನು ಕಚ್ಚಿ ಹಲಗೆ ನಿಲ್ಲುತ್ತದೆ. ಕೂದಲೆಳೆಯಷ್ಟು ಇಳಿಸಿದರೆ ಅಡ್ಡಡ್ಡವಾಗಿ ಕೆಳಗೆ ಜಾರುತ್ತದೆ. ಹೆಚ್ಚು ಇಳಿಸಿದಿರೋ, ಕೆಳಗಿನ ಕಡೆಯ ಅಂಚು ಹಿಮಕ್ಕೆ ಸಿಕ್ಕಿ, ಯಾರೋ ಕಾಲು ಹಿಡಿದು ಎಳೆದಂತೆ ಮುಗ್ಗರಿಸುತ್ತೀರಿ. ಹೊಸಬರ ಗಟ್ಟಿ ಪೆಟ್ಟುಗಳೆಲ್ಲ ಹೆಚ್ಚಾಗಿ ಈ ಒಂದೇ ತಪ್ಪಿನಿಂದ ಆಗುತ್ತವೆ. ಬೇಕೆಂದಲ್ಲಿ ನಿಲ್ಲುವುದು ನೂರಕ್ಕೆ ನೂರು ಸಾಧ್ಯವಾಗುವವರೆಗೆ ಮುಂದಿನ ಪಾಠಕ್ಕೆ ಹೋಗಬಾರದು, ಪಕ್ಕದಲ್ಲಿ ಹತ್ತು ವರ್ಷದ ಹುಡುಗಿ ತಿರುವು ಹಾಕುತ್ತ ಹೋದರೂ ಸರಿ.

ಇದು ಕೈವಶವಾದ ಮೇಲೆ ಹಿಮ್ಮಡಿಯ ಅಂಚಿನಲ್ಲೇ ಇದ್ದುಕೊಂಡು ಎಡಕ್ಕೆ ನೋಡಿ, ಭಾರವನ್ನು ಎಡಗಾಲಿಗೆ ವಾಲಿಸಿ. ಹಲಗೆ ಓರೆಯಾಗಿ ಎಡಕ್ಕೆ ಸಾಗುತ್ತದೆ. ನಿಲ್ಲಿಸಿ, ಬಲಕ್ಕೆ ನೋಡಿ, ಬಲಗಾಲಿಗೆ ಭಾರ ಕೊಡಿ. ಮರದಿಂದ ಉದುರುವ ಎಲೆ ಆಚೆಗೊಮ್ಮೆ ಈಚೆಗೊಮ್ಮೆ ತೇಲುತ್ತ ಇಳಿಯುವಂತೆ ಇರುವುದರಿಂದ ಇದಕ್ಕೆ ಎಲೆಯ ಹೆಸರೇ ಇದೆ. ಇಷ್ಟು ಬಂದರೆ ಸಾಧಾರಣ ಇಳಿಜಾರನ್ನು ಸುರಕ್ಷಿತವಾಗಿ ಇಳಿಯಬಹುದು. ಆಮೇಲೆ ಇದೆಲ್ಲವನ್ನೂ ಗುಡ್ಡದ ಕಡೆಗೆ ಮುಖ ಮಾಡಿ, ಬೆರಳುಗಳ ಕಡೆಯ ಅಂಚಿನ ಮೇಲೆ ಮಾಡಬೇಕು. ಮೊಣಕಾಲನ್ನು ಗುಡ್ಡದತ್ತ ಒತ್ತಿ, ಮುಂಗಾಲ ಮೂಳೆಯನ್ನು ಬೂಟಿನ ನಾಲಿಗೆಗೆ ಆನಿಸಿ ನಿಲ್ಲಬೇಕು. ಬೆನ್ನ ಹಿಂದಿನ ಇಳಿಜಾರು ಕಾಣದಿರುವುದರಿಂದ ಅಂಜಿಕೆಯಾಗುತ್ತದೆ, ಆದರೆ ಕಾಲಿನ ನಿಯಂತ್ರಣ ಇಲ್ಲಿಯೇ ಹೆಚ್ಚು ಸೂಕ್ಷ್ಮವಾಗಿರುತ್ತದೆ.

ತಿರುವು

ಮೂರನೆಯ ಅಥವಾ ನಾಲ್ಕನೆಯ ದಿನ ತಿರುವಿಗೆ ಕೈಹಾಕಬಹುದು. ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗುವ ನಡುವೆ ಹಲಗೆಯ ಮೂತಿ ನೇರವಾಗಿ ಕೆಳಕ್ಕೆ ತಿರುಗುವ ಒಂದು ಕ್ಷಣ ಬರುತ್ತದೆ; ವೇಗ ಏಕಾಏಕಿ ಏರುತ್ತದೆ. ಆಗ ಹೆದರಿ ಹಿಂದಕ್ಕೆ ವಾಲಿದರೆ ಮುಂದಿನ ಕಾಲಿನ ಮೇಲಿನ ಭಾರ ತಪ್ಪಿ, ಹಲಗೆ ತಿರುಗುವುದನ್ನೇ ಬಿಟ್ಟು ನೇರ ಓಡುತ್ತದೆ. ಆದ್ದರಿಂದ ಅಂಜಿಕೆ ಹಿಂದೆ ಎಳೆದಷ್ಟೂ ಭಾರವನ್ನು ಮುಂದಿನ ಕಾಲಿನ ಮೇಲೆಯೇ ಇಟ್ಟು, ತಲೆ, ಭುಜ, ಮೊಣಕಾಲು ಈ ಕ್ರಮದಲ್ಲಿ ಹೋಗಬೇಕಾದ ದಿಕ್ಕಿಗೆ ತಿರುಗಬೇಕು. ಹಲಗೆಯ ಮೂತಿ ಕೆಳಕ್ಕೆ ತಿರುಗಿದ ಮೇಲೆಯೇ, ಅದಕ್ಕಿಂತ ಮೊದಲು ಅಲ್ಲ, ಹೊಸ ಅಂಚನ್ನು ಒತ್ತಬೇಕು. ಸೈಕಲ್ ಕಲಿಯುವಾಗ ದಾರಿಯ ಕಲ್ಲನ್ನೇ ನೋಡುತ್ತಿದ್ದರೆ ಗಾಲಿ ಆ ಕಲ್ಲಿಗೇ ಹೋಗುವಂತೆ, ಇಲ್ಲಿಯೂ ಕಣ್ಣು ಎತ್ತಲೋ ಹಲಗೆ ಅತ್ತಲೇ. ಕಾಲನ್ನು ನೋಡುತ್ತ ತಿರುಗಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಗುಲ್ಮಾರ್ಗ್‌ನ ಗೊಂಡೊಲಾ, ಅಂದರೆ ತಂತಿಯ ಮೇಲೆ ತೂಗುತ್ತ ಬೆಟ್ಟ ಏರುವ ಕೇಬಲ್ ಕಾರು, ಎರಡು ಹಂತಗಳದ್ದು: ಮೊದಲನೆಯದು ಕೊಂಗ್‌ಡೂರಿಗೆ, ಎರಡನೆಯದು ಅಫರ್ವಾಟ್ ಶಿಖರದ ಹತ್ತಿರ ಸುಮಾರು 3,950 ಮೀಟರ್ ಎತ್ತರಕ್ಕೆ. ಆರಂಭದ ದಿನಗಳು ಕೆಳಗಿನ ಬಯಲಿನಲ್ಲೇ ಕಳೆಯಲಿ; ಎರಡನೆಯ ಹಂತ ಕಲಿಯುವವರ ಜಾಗವಲ್ಲ. ಆ ಎತ್ತರದ ಇಳಿಜಾರುಗಳಲ್ಲಿ ಹಿಮಕುಸಿತದ ಅಪಾಯ ನಿಜವಾದದ್ದು. 2023ರ ಫೆಬ್ರುವರಿಯಲ್ಲಿ ಪೋಲೆಂಡಿನ ಇಬ್ಬರು, ಮರುವರ್ಷ ಅದೇ ತಿಂಗಳಲ್ಲಿ ರಷ್ಯಾದ ಒಬ್ಬರು ಹಿಮಕುಸಿತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಇಳಿಯುವಾಗ ಮುಂದಿರುವವರಿಗೆ ದಾರಿ ಬಿಡುವ ಹೊಣೆ ಮೇಲಿನಿಂದ ಬರುವವರದು. ಹೊರಡುವ ಮುನ್ನ ಮೇಲ್ಗಡೆ ನೋಡಬೇಕು, ಬಿದ್ದರೆ ಬೇಗ ಅಂಚಿಗೆ ಸರಿಯಬೇಕು, ದಿಬ್ಬದ ಮರೆಯಲ್ಲಿ ಕೂರಬಾರದು.

ಮಧ್ಯಾಹ್ನದ ನಂತರ ತೊಡೆ ನಡುಗತೊಡಗಿದರೆ ‘ಇದೊಂದೇ ಸಲ’ ಎನ್ನದೆ ಹಲಗೆ ಬಿಚ್ಚಿಡಿ. ದಣಿದ ಕಾಲು ಅಂಚನ್ನು ಹಿಡಿದಿಡಲಾರದು. ಕೋಣೆಗೆ ಬಂದ ಕೂಡಲೇ ಬೂಟಿನ ಒಳಪದರವನ್ನು ಹೊರಗೆಳೆದು, ಕೋಣೆಯನ್ನು ಬೆಚ್ಚಗಿಡುವ ಬುಖಾರಿ ಒಲೆಯಿಂದ ಒಂದು ಮಾರು ದೂರದಲ್ಲಿ ಒಣಗಲು ಇಡಿ. ತೀರಾ ಹತ್ತಿರ ಇಟ್ಟರೆ ಅದು ಸುಟ್ಟು ಮುದುಡುತ್ತದೆ, ಇಡದೇ ಇದ್ದರೆ ಮರುದಿನ ಬೆಳಿಗ್ಗೆ ತಣ್ಣಗಿನ ಒದ್ದೆ ಬೂಟಿನೊಳಗೆ ಕಾಲು ತೂರಿಸಬೇಕಾಗುತ್ತದೆ.