ಚಿಪ್ಪು ಅಣಬೆಗೆ ಭತ್ತದ ಹುಲ್ಲು ಹದ ಮಾಡುವ ಬಗೆ

ಅಣಬೆ ಚೀಲ ಹಸಿರು ಬೂಷ್ಟು ಹಿಡಿದರೆ ಎಲ್ಲರೂ ಮೊದಲು ದೂರುವುದು ಬೀಜವನ್ನು, ಅಂದರೆ ಕಾಳಿನ ಮೇಲೆ ಬೆಳೆಸಿದ ಅಣಬೆಯ ಎಳೆಯನ್ನು. ತಪ್ಪು ಹೆಚ್ಚಾಗಿ ಆಗಿರುವುದು ಹುಲ್ಲು ಹದ ಮಾಡುವಾಗ. ಅಣಬೆಯೂ ಬೂಷ್ಟೂ ಶಿಲೀಂಧ್ರಗಳೇ. ಶಿಲೀಂಧ್ರ ಹುಲ್ಲನ್ನು ಹೇಗೆ ಗುರುತಿಸುತ್ತದೆ, ಹೇಗೆ ತಿನ್ನುತ್ತದೆ ಎಂಬುದು ತಿಳಿದಿದ್ದರೆ ಈ ತಪ್ಪು ತಾನಾಗಿಯೇ ಕಡಿಮೆಯಾಗುತ್ತದೆ.

ಶಿಲೀಂಧ್ರಕ್ಕೆ ಬಾಯಿಲ್ಲ. ನೂಲಿನಂಥ ತನ್ನ ಎಳೆಗಳ ತುದಿಯಿಂದ ಕಿಣ್ವಗಳನ್ನು ಹೊರಗೆ ಸುರಿದು, ಆಹಾರವನ್ನು ಹೊರಗೇ ಕರಗಿಸಿ, ಆಮೇಲೆ ಹೀರಿಕೊಳ್ಳುತ್ತದೆ. ಕಿಣ್ವ ತಯಾರಿಸಲು ಬಹಳ ಶಕ್ತಿ ಬೇಕಾದ್ದರಿಂದ ಸುಮ್ಮಸುಮ್ಮನೆ ಸುರಿಯುವುದಿಲ್ಲ. ಮೊದಲು ಚೂರೇ ಚೂರು ಬಿಟ್ಟು ನೋಡುತ್ತದೆ. ಎದುರಿಗೆ ಹುಲ್ಲಿನ ನಾರಾದ ಸೆಲ್ಯುಲೋಸ್ ಇದ್ದರೆ ಅದರಿಂದ ಸೆಲ್ಲೋಬಯೋಸ್‌ನಂಥ ಸಣ್ಣ ಸಕ್ಕರೆ ತುಣುಕುಗಳು ಕಳಚಿ ಎಳೆಯೊಳಗೆ ಬರುತ್ತವೆ. ಅದೇ ಸುಳಿವು. ಆಗ ಕಿಣ್ವದ ಉತ್ಪಾದನೆ ಜೋರಾಗುತ್ತದೆ. ಆದರೆ ಸುತ್ತ ಗ್ಲೂಕೋಸ್ ಧಾರಾಳವಾಗಿದ್ದರೆ, ಸುಲಭದ ಊಟ ಇರುವಾಗ ಕಷ್ಟದ್ದು ಯಾಕೆ ಎಂಬಂತೆ ಆ ಕೆಲಸ ನಿಂತುಬಿಡುತ್ತದೆ. ಈ ವ್ಯವಸ್ಥೆಯನ್ನು ವಿಜ್ಞಾನಿಗಳು ಆಳವಾಗಿ ಅಧ್ಯಯನ ಮಾಡಿರುವುದು ನ್ಯೂರೋಸ್ಪೋರಾ ಮತ್ತು ಟ್ರೈಕೋಡರ್ಮಾ ಶಿಲೀಂಧ್ರಗಳಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೊಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೇನೆಯ ಹತ್ತಿ ಬಟ್ಟೆಯ ಸಾಮಾನು ಕೊಳೆಯತೊಡಗಿದಾಗ ಅದರಲ್ಲಿ ಸಿಕ್ಕಿದ್ದೇ ಟ್ರೈಕೋಡರ್ಮಾ ರೀಸೈ. ನಮ್ಮ ಚೀಲಕ್ಕೆ ಬರುವ ಹಸಿರು ಬೂಷ್ಟು ಅದೇ ಕುಲದ್ದು.

ಚಿಪ್ಪು ಅಣಬೆಗೆ ಇನ್ನೊಂದು ವಿದ್ಯೆ ಗೊತ್ತು. ಹುಲ್ಲಿನ ನಾರನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಅನ್ನು ಲ್ಯಾಕೇಸ್, ಮ್ಯಾಂಗನೀಸ್ ಪೆರಾಕ್ಸಿಡೇಸ್ ಕಿಣ್ವಗಳಿಂದ ಒಡೆದು, ಒಳಗಿನ ಸೆಲ್ಯುಲೋಸ್‌ಗೆ ದಾರಿ ಮಾಡಿಕೊಳ್ಳುತ್ತದೆ. ಬೂಷ್ಟಿಗೆ ಈ ಕೆಲಸ ಬಾರದು. ಆದರೆ ಇದಕ್ಕೆ ಆಮ್ಲಜನಕ ಬೇಕೇ ಬೇಕು. ಹಾಗಾಗಿ ಹುಲ್ಲು ಹದ ಮಾಡುವುದೆಂದರೆ ಸುಲಭದ ಸಕ್ಕರೆ ತೆಗೆಯುವುದು, ಗಟ್ಟಿ ನಾರು ಉಳಿಸುವುದು, ಗಾಳಿಗೆ ಜಾಗ ಬಿಡುವುದು.

ಲೆಕ್ಕಕ್ಕೆ 10 ಕಿಲೋ ಒಣಹುಲ್ಲು ಇಟ್ಟುಕೊಳ್ಳೋಣ. ಈ ವರ್ಷದ ಕೊಯ್ಲಿನದು, ಹೊಂಬಣ್ಣದ್ದು, ಬಣವೆಯಲ್ಲಿ ಮಳೆಗೆ ನೆನೆಯದಿದ್ದದ್ದೇ ಆಗಬೇಕು. ಕಪ್ಪು ಚುಕ್ಕೆ ಬಿದ್ದ ಹುಲ್ಲನ್ನು ಬೂಷ್ಟು ಆಗಲೇ ತಿನ್ನಲು ಶುರುಮಾಡಿರುತ್ತದೆ. ಅದನ್ನು ದನಕ್ಕೂ ಹಾಕಬೇಡಿ. 3ರಿಂದ 5 ಸೆಂಟಿಮೀಟರ್ ತುಂಡು ಮಾಡಿ, ಗೋಣಿಚೀಲಕ್ಕೆ ತುಂಬಿ, ಧಾರಾಳ ನೀರಿನಲ್ಲಿ 10ರಿಂದ 12 ಗಂಟೆ ಮುಳುಗಿಸಿಡಿ. ಬೆಳಗ್ಗೆ ನೀರು ಚಹಾ ಬಣ್ಣಕ್ಕೆ ತಿರುಗಿರುತ್ತದೆ. ಬೂಷ್ಟಿಗೆ ಬೇಕಾದ ಸುಲಭದ ಊಟ ಆ ನೀರಿನಲ್ಲೇ ಇದೆ, ಅದನ್ನು ಪೂರ್ತಿ ಚೆಲ್ಲಿ, ಹೊಸ ನೀರಿನಲ್ಲಿ ಒಮ್ಮೆ ಜಾಲಿಸಿ. ಬೇಸಿಗೆಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಹುಳಿ ವಾಸನೆ ಬರುತ್ತದೆ.

ನಂತರ ಹಂಡೆಯ ನೀರನ್ನು 80 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಚೀಲ ಇಳಿಸಿ, ಮೇಲೆ ಕಲ್ಲು ಹೇರಿ. ಚೀಲ ಇಳಿಸಿದ ಕೂಡಲೇ ನೀರು ತಣಿಯುತ್ತದೆ, ಮತ್ತೆ 75 ದಾಟಿದ ಮೇಲೆ 1 ಗಂಟೆಯ ಲೆಕ್ಕ ಶುರು. ಥರ್ಮಾಮೀಟರ್ ಇಲ್ಲದೆ ಅಂದಾಜಿನಲ್ಲಿ ಮಾಡಬೇಡಿ. ಕೊತಕೊತ ಕುದಿಸುವುದೂ ಬೇಡ: ಹುಲ್ಲು ಮೆತ್ತಗಾಗಿ ಮುದ್ದೆಗಟ್ಟುತ್ತದೆ, 80 ಡಿಗ್ರಿಯ ಬಿಸಿ ತಾಳಿ ಉಳಿದು ಬೂಷ್ಟನ್ನು ತಡೆಯುವ ಬ್ಯಾಕ್ಟೀರಿಯಾಗಳಲ್ಲೂ ಹಲವು ಸಾಯುತ್ತವೆ. ಹಾಗೆ ಬರಿದಾದ ಹುಲ್ಲಿಗೆ ಮೊದಲು ಬಂದು ಕೂರುವುದು ಬೂಷ್ಟೇ.

ನೀರು ಬಸಿದು, ನೆರಳಲ್ಲಿ, ಓರೆಯಾಗಿ ಹಾಸಿದ ಶುಭ್ರ ಪ್ಲಾಸ್ಟಿಕ್ ಮೇಲೆ ಹರಡಿ. ಒಂದು ಹಿಡಿ ಹುಲ್ಲನ್ನು ಬಲವಾಗಿ ಹಿಂಡಿದಾಗ ಬೆರಳ ಸಂದಿನಲ್ಲಿ ಒಂದೆರಡು ಹನಿ ಮೂಡಬೇಕು, ಧಾರೆಯಾಗಿ ಸುರಿಯಬಾರದು. ಕೈ ಅಂದಾಜಿನ ಮೇಲೆ ನಂಬಿಕೆ ಬಾರದಿದ್ದರೆ ತೂಗಿ: 10 ಕಿಲೋ ಹುಲ್ಲು 23ರಿಂದ 26 ಕಿಲೋಗೆ ಬಂದರೆ ಹದ ಸರಿ. 28 ದಾಟಿದರೆ ಇನ್ನೂ ಆರಬೇಕು. ಹೊಸಬರ ಚೀಲಗಳು ಕೆಡಲು ಮುಖ್ಯ ಕಾರಣ ಈ ಹೆಚ್ಚಿನ ನೀರು. ಹುಲ್ಲಿನ ನಡುವಿನ ಗಾಳಿಯ ಜಾಗದಲ್ಲಿ ನೀರು ತುಂಬಿದರೆ ಲಿಗ್ನಿನ್ ಒಡೆಯುವ ಕೆಲಸ ನಿಲ್ಲುತ್ತದೆ, ಗಾಳಿ ಬೇಡದ ಬ್ಯಾಕ್ಟೀರಿಯಾ ಹುಲ್ಲನ್ನು ಕೊಳೆಸುತ್ತವೆ.

ಬೀಜ 600ರಿಂದ 700 ಗ್ರಾಂ ಸಾಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತದೆ. ಕಾಳಿನ ಮೇಲೆ ಎಳೆ ಹಾಲುಬಿಳುಪಾಗಿರಬೇಕು. ಒಂದು ಕಾಳು ಹಸಿರಾಗಿದ್ದರೂ ಇಡೀ ಪ್ಯಾಕೆಟ್ ಬಿಡಿ. ಹುಲ್ಲು 30 ಡಿಗ್ರಿಗಿಂತ ತಣ್ಣಗಾದ ಮೇಲೆ, 35×50 ಸೆಂಟಿಮೀಟರ್‌ನ ಪಾಲಿಪ್ರೊಪಿಲೀನ್ ಚೀಲಕ್ಕೆ ಸುಮಾರು 3 ಕಿಲೋದಂತೆ ತುಂಬಿ. 8 ಸೆಂಟಿಮೀಟರ್ ಹುಲ್ಲು, ಅಂಚಿನ ಸುತ್ತ ಬೀಜ, ಮತ್ತೆ ಹುಲ್ಲು, ಹೀಗೆ ಪದರ ಪದರವಾಗಿ ಒತ್ತಿ ಒತ್ತಿ ತುಂಬಿ, ಬಾಯಿ ಕಟ್ಟಿ. ಬೆಂಕಿಗೆ ಹಿಡಿದ ಸೂಜಿಯಿಂದ ಚೀಲದ ಮೈಗೆ 15–20 ತೂತು ಹಾಕಿ. ಇಳುವರಿ ಹೆಚ್ಚಲಿ ಎಂದು ತೌಡು ಬೆರೆಸುವವರಿದ್ದಾರೆ. ಬಿಸಿನೀರಿನಲ್ಲಿ ಹದ ಮಾಡಿದ ಹುಲ್ಲಿಗೆ ಅದು ಖಂಡಿತ ಬೇಡ. ತೊಳೆದು ತೆಗೆದ ಸುಲಭದ ಊಟವನ್ನೇ ಮತ್ತೆ ಬೂಷ್ಟಿಗೆ ಬಡಿಸಿದಂತಾಗುತ್ತದೆ.

ಚೀಲಗಳನ್ನು ಕತ್ತಲು ಕೋಣೆಯಲ್ಲಿ, 24ರಿಂದ 28 ಡಿಗ್ರಿಯಲ್ಲಿ, ಒಂದಕ್ಕೊಂದು ತಾಗದಂತೆ ಇಡಿ. ಎಳೆ ಉಸಿರಾಡುವಾಗ ಬಿಸಿ ಹುಟ್ಟುವುದರಿಂದ ಚೀಲದ ಒಳಗೆ ಕೋಣೆಗಿಂತ ಕೆಲವು ಡಿಗ್ರಿ ಹೆಚ್ಚೇ ಇರುತ್ತದೆ. ಒತ್ತಾಗಿ ಪೇರಿಸಿದರೆ ನಡುವಿನವು ಬೆಂದುಹೋಗುತ್ತವೆ.

ಮೂರನೇ ದಿನ ಕಾಳಿನ ಸುತ್ತ ಬಿಳಿಯ ನವಿರು ಎಳೆ ಕಾಣುತ್ತದೆ. 15–20 ದಿನಕ್ಕೆ ಚೀಲ ಪೂರ್ತಿ ಬೆಳ್ಳಗಾಗುತ್ತದೆ. ಆಗ ಅಂಚಿನಿಂದ ಒಂದು ಕಡ್ಡಿ ಎಳೆದು ನೋಡಿ. ಹಾಕುವಾಗ ಅದು ಹೊಳೆಯುತ್ತಿತ್ತು, ಬಾಗಿಸಿದರೆ ಬಾಗುತ್ತಿತ್ತು. ಈಗ ಹೊಳಪು ಹೋಗಿ ಬಣ್ಣ ಮಾಸಿದೆ, ಉಗುರಲ್ಲಿ ಒತ್ತಿದರೆ ಸೀಳುತ್ತದೆ, ಗಿಣ್ಣಿನ ಒಳಗೂ ಬಿಳಿ ಎಳೆ ತುಂಬಿದೆ. ಲಿಗ್ನಿನ್ ಸಡಿಲಗೊಂಡಿರುವುದಕ್ಕೆ ಇದೇ ಗುರುತು. ಮೂಸಿದರೆ ಹಸಿ ಅಣಬೆಯ ವಾಸನೆ ಬರಬೇಕು.

ಹುಳಿ ವಾಸನೆ ಬಂದು ತಳ ಕಪ್ಪಾಗಿದ್ದರೆ ನೀರು ಹೆಚ್ಚಾಗಿದೆ. ತಳಕ್ಕೆ ತೂತು ಹಾಕಿ ಬಸಿದರೆ ಕೆಲವೊಮ್ಮೆ ಉಳಿಯುತ್ತದೆ. ಹಸಿರು ಬೂಷ್ಟು ಕಂಡರೆ ಕೋಣೆಯೊಳಗೆ ಚೀಲ ಬಿಚ್ಚಬೇಡಿ. ಆ ಹಸಿರು ಪುಡಿ ಅದರ ಬೀಜಕಣ, ಬಿಚ್ಚಿದ ಕೂಡಲೇ ಉಳಿದ ಚೀಲಗಳಿಗೂ ಹಾರುತ್ತದೆ. ಹೊರಗೆ ಒಯ್ದು ಹೂತುಬಿಡಿ.

ಬೆಳ್ಳಗಾದ ಚೀಲದ ಪ್ಲಾಸ್ಟಿಕ್ ತೆಗೆದು, ಮಂದ ಬೆಳಕಿರುವ, ಗಾಳಿಯಾಡುವ ಕಡೆ ತೂಗುಹಾಕಿ. ಗಾಳಿಯ ತೇವಾಂಶ ಶೇ. 85ರ ಆಸುಪಾಸು ಇರಲಿ. ನೆಲಕ್ಕೆ, ಗೋಡೆಗೆ ಕಟ್ಟಿದ ಗೋಣಿಗೆ ನೀರು ಸಿಂಪಡಿಸಿ, ಮೊಳಕೆಯ ಮೇಲೆ ನೇರ ಬೇಡ. ನಾಲ್ಕೈದು ದಿನಕ್ಕೆ ಮೊಳಕೆ ಬರುತ್ತದೆ. ದಂಟು ಉದ್ದವಾಗಿ ಟೋಪಿ ಚಿಕ್ಕದಾದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಿದೆ ಎಂದರ್ಥ, ಕಿಟಕಿ ತೆರೆಯಿರಿ. ಟೋಪಿಯ ಅಂಚು ಮೇಲಕ್ಕೆ ಮಡಚುವ ಮೊದಲೇ ಬುಡದಿಂದ ತಿರುಚಿ ಕೀಳಿ. ತಡಮಾಡಿದರೆ ಬೀಜಕಣ ಉದುರಿ ಕೋಣೆ ತುಂಬುತ್ತದೆ. ಅದು ಕೆಲವರಿಗೆ ಕೆಮ್ಮು, ಜ್ವರ ತರಿಸುವುದರಿಂದ ಮಾಸ್ಕ್ ಇಲ್ಲದೆ ಒಳಗೆ ಹೋಗಬೇಡಿ.

ಹತ್ತು ದಿನಗಳ ಅಂತರದಲ್ಲಿ ಮೂರು ಕೊಯ್ಲು ಸೇರಿ 10 ಕಿಲೋ ಒಣಹುಲ್ಲಿಗೆ 5ರಿಂದ 7 ಕಿಲೋ ಅಣಬೆ ಸಿಗುತ್ತದೆ. ಮಿಕ್ಕ ಹುಲ್ಲು ಎರೆಗೊಬ್ಬರದ ಗುಂಡಿಗೆ ಒಳ್ಳೆಯದು. ಆದರೆ ಗುಂಡಿ ಅಣಬೆ ಕೋಣೆಯಿಂದ ದೂರವಿರಲಿ; ಅಣಬೆ ನೊಣ ಮರಿಮಾಡುವುದು ಆ ಹುಲ್ಲಿನಲ್ಲೇ.