ಒತ್ತಕ್ಷರ ಬಂದಲ್ಲಿ ನಿಂತುಬಿಡುವ ಮಗುವಿಗೆ ಓದು ಕಲಿಸುವುದು ಹೇಗೆ?

ನಾಲ್ಕನೇ ತರಗತಿಯ ಹುಡುಗ. ಸಾಲಿನ ಮೇಲೆ ಬೆರಳಿಟ್ಟು ಓದುತ್ತಾ ಬಂದ. ‘ರಾತ್ರಿ’ ಅನ್ನುವ ಪದದ ಹತ್ತಿರ ಬೆರಳು ನಿಂತಿತು. ‘ರಾತಿರ’ ಅಂದ. ಪುಸ್ತಕ ಬಿಟ್ಟು ನನ್ನ ಮುಖ ನೋಡಿದ. ‘ರಾತಿ?’ ಅಂದ. ಮತ್ತೆ ನನ್ನ ಮುಖ ನೋಡಿದ. ಉತ್ತರ ಅಕ್ಷರದಲ್ಲಿ ಸಿಗುತ್ತದೆ ಅನ್ನುವ ನಂಬಿಕೆಯೇ ಅವನಿಗೆ ಹೋಗಿತ್ತು. ಮಿಸ್ ಮುಖದಲ್ಲಿ ಹುಡುಕುತ್ತಿದ್ದ.

ಅವನ ಅಮ್ಮ ಮನೆಯಲ್ಲಿ ಆ ಪದವನ್ನು ಐವತ್ತು ಸಲ ಬರೆಸಿದ್ದರು. ನೋಟ್‌ಬುಕ್ ತಂದು ತೋರಿಸಿದರು. ಐವತ್ತೂ ಸರಿ, ದುಂಡಗಿನ ಅಕ್ಷರ. ‘ಬಾಯಲ್ಲಿ ಏನು ಕೇಳಿದರೂ ಹೇಳ್ತಾನೆ ಮಿಸ್, ಓದು ಅಂದ್ರೆ ಮಾತ್ರ ಹೀಗೆ’ ಅಂದರು. ಇಂಥ ನೋಟ್‌ಬುಕ್‌ಗಳನ್ನು ನಾನು ಬಹಳ ನೋಡಿದ್ದೇನೆ. ನೋಡಿ ಬರೆಯಲು ಕಣ್ಣು, ಕೈ ಸಾಕು. ಓದಲು ಅಕ್ಷರಕ್ಕೂ ಸದ್ದಿಗೂ ಗಂಟು ಬೀಳಬೇಕು. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದರೂ ಓದು ಬರಹ ಮಾತ್ರ ಕಷ್ಟವಾಗುವ ತೊಂದರೆ, ಇರುವ ಮಕ್ಕಳಲ್ಲಿ ಆ ಗಂಟು ತಾನಾಗಿ ಬೀಳುವುದಿಲ್ಲ. ಕೂತು ಹಾಕಿಸಬೇಕು. ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನಾ ಆಗಬೇಕು. ಭಾನುವಾರ ಎರಡು ಗಂಟೆ ಕೂರಿಸುವುದರಿಂದ ಪ್ರಯೋಜನವಿಲ್ಲ.

ಹಂತ ೧: ಮೊದಲು ಕಣ್ಣು, ಕಿವಿ

ಎರಡನ್ನೂ ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿ. ಬೋರ್ಡ್ ಕಾಣದ ಮಗುವಿಗೆ ‘ಓದಿನಲ್ಲಿ ಹಿಂದೆ’ ಅನ್ನುವ ಹಣೆಪಟ್ಟಿ ಹಚ್ಚಿದ್ದನ್ನು ಕಂಡಿದ್ದೇನೆ. ವಯಸ್ಸನ್ನೂ ನೋಡಿ. ಕನ್ನಡ ಮಕ್ಕಳ ಓದಿನ ಮೇಲೆ ಕೆಲಸ ಮಾಡಿದ ಸೋನಾಲಿ ನಾಗ್ ಅವರ ೨೦೦೭ರ ಅಧ್ಯಯನದ ಪ್ರಕಾರ, ನಮ್ಮ ಅಕ್ಷರಗಳನ್ನು ಪೂರ್ತಿ ಕಲಿಯಲು ಎಲ್ಲ ಮಕ್ಕಳಿಗೂ ನಾಲ್ಕನೇ ತರಗತಿವರೆಗೆ, ಅದರಾಚೆಗೂ ಸಮಯ ಹಿಡಿಯುತ್ತದೆ. ಆದ್ದರಿಂದ ಎರಡನೇ ತರಗತಿಯಲ್ಲಿ ಒತ್ತಕ್ಷರ ತಪ್ಪಿದ ಕೂಡಲೇ ಗಾಬರಿ ಬೇಡ.

ಹಂತ ೨: ಯಾವ ಅಕ್ಷರ ಗೊತ್ತು, ಯಾವುದು ಗೊತ್ತಿಲ್ಲ?

೪೯ ಅಕ್ಷರಗಳನ್ನೂ ಬಿಡಿಬಿಡಿ ಚೀಟಿಯಲ್ಲಿ ಬರೆದು ಕಲಸಿ, ಒಂದೊಂದೇ ತೋರಿಸಿ. ಅಆಇಈ ಸಾಲಿನಲ್ಲಿ ಮಾತ್ರ ಕೇಳಬೇಡಿ. ಆ ಸಾಲು ಮಕ್ಕಳಿಗೆ ಹಾಡಿನ ಹಾಗೆ ಬಾಯಿಗೆ ಬಂದಿರುತ್ತದೆ. ಸರ್ಕಾರಿ ಶಾಲೆಯ ನಲಿ ಕಲಿಯಲ್ಲಿ ಓದಿದ ಮಗು ರಗಸದಅ, ಜವಮಬನ ಅಂತ ಶುರು ಮಾಡಿರುತ್ತದೆ. ಅದು ಒಳ್ಳೆಯ ಕ್ರಮವೇ, ಆದರೂ ಕಲಸಿಯೇ ಕೇಳಿ.

ಮ–ಯ–ವ, ಪ–ಷ–ಫ, ಬ–ಭ, ದ–ಧ–ಥ ಇವೇ ಹೆಚ್ಚಾಗಿ ಅದಲುಬದಲು ಆಗುವುದು. ಹಾಗೆ ಆಗುವ ಜೋಡಿಯನ್ನು ಒಂದೇ ದಿನ ಕಲಿಸಬೇಡಿ. ‘ಮ’ ಗಟ್ಟಿಯಾಗಲಿ, ಒಂದು ವಾರ ಬಿಟ್ಟು ‘ಯ’ ತನ್ನಿ.

ಅಗಲವಾದ ತಟ್ಟೆಯಲ್ಲಿ ರವೆ ಹರಡಿ, ಅಕ್ಷರದ ಸದ್ದು ಹೇಳುತ್ತಾ ಬೆರಳಲ್ಲಿ ಬರೆಯಲಿ. ಬನ್ಸಿ ರವೆಯೇ ಆಗಬೇಕು. ಚಿರೋಟಿ ರವೆ ತೀರಾ ನುಣುಪು, ಬೆರಳಿಗೆ ಏನೂ ತಾಗುವುದಿಲ್ಲ. ಸ್ಟೀಲ್ ತಟ್ಟೆ ಹೊಳೆದು ಕಣ್ಣಿಗೆ ಚುಚ್ಚುತ್ತದೆ. ಅದಾದರೆ ತಳಕ್ಕೆ ಕಪ್ಪು ಕಾಗದ ಹಾಕಿ.

ಹಂತ ೩: ಕಾಗುಣಿತ

ತಲೆಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ ಈ ಐದು ಗಟ್ಟಿಯಾದರೆ ಮುಂದೆ ಹೋಗಿ, ಉಳಿದವು ದಾರಿಯಲ್ಲಿ ಸೇರಿಕೊಳ್ಳುತ್ತವೆ.

ಹಂತ ೪: ಒತ್ತಕ್ಷರ

ಎಲ್ಲರೂ ಎಡವುವುದು ಇಲ್ಲಿ. ಆತುರ ಪಡಬೇಡಿ. ಎರಡು ತಿಂಗಳು ಹಿಡಿದರೂ ಹಿಡಿಯಲಿ.

ಮೊದಲು ಪುಸ್ತಕ ಮುಚ್ಚಿಡಿ. ಕಿವಿಗೆ ಕೇಳದ ಒತ್ತು ಕಣ್ಣಿಗೂ ಕಾಣುವುದಿಲ್ಲ. ಕತೆ–ಕತ್ತೆ, ಹಳಿ–ಹಳ್ಳಿ, ಬಳಿ–ಬಳ್ಳಿ, ಎಲೆ–ಎಲ್ಲೆ ಇವನ್ನು ಬಾಯಲ್ಲಿ ಹೇಳಿ. ಒತ್ತು ಕೇಳಿದಾಗ ಮಗು ಮೇಜು ತಟ್ಟಲಿ. ಆಮೇಲೆ ಅದೇ ಹೇಳಲಿ, ನೀವು ತಟ್ಟಿ. ಕೈಯಲ್ಲಿ ಕನ್ನಡಿ ಕೊಟ್ಟರೆ ಇನ್ನೂ ಒಳ್ಳೆಯದು. ‘ಕತ್ತೆ’ ಅನ್ನುವಾಗ ನಾಲಿಗೆ ಹಲ್ಲಿನ ಹಿಂದೆ ಒಂದು ಕ್ಷಣ ನಿಂತು ಬಿಡುವುದನ್ನು ಮಗು ತಾನೇ ಕಾಣುತ್ತದೆ. ಈ ಆಟ ಮೂರು ನಾಲ್ಕು ದಿನ ನಡೆಯಲಿ. ಇದನ್ನು ಹಾರಿಸಿದವರೆಲ್ಲ ವಾಪಸ್ ಇಲ್ಲಿಗೇ ಬರಬೇಕಾಗುತ್ತದೆ.

ಈಗ ಬರಹ. ಎಲ್ಲರೂ ‘ಅಮ್ಮ’ನಿಂದ ಶುರು ಮಾಡುತ್ತಾರೆ. ಬೇಡ. ಮ ಒತ್ತನ್ನು ಗಮನಿಸಿ ನೋಡಿ, ಅದಕ್ಕೆ ‘ಮ’ದ ಹೋಲಿಕೆಯೇ ಇಲ್ಲ. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರದ ಹಾಗೆ ಕಾಣುವುದಿಲ್ಲ. ಉಳಿದವುಗಳಲ್ಲಿ ಸಾಮಾನ್ಯವಾಗಿ ತಲೆಕಟ್ಟು ತೆಗೆದ ಅದೇ ಅಕ್ಷರ ಚಿಕ್ಕದಾಗಿ ಕೆಳಗೆ ಕೂರುತ್ತದೆ. ಹಾಗಾಗಿ ಅಕ್ಕ, ಅಪ್ಪ, ಅಜ್ಜ, ಹಬ್ಬ, ಮಗ್ಗ, ಕಳ್ಳ ಇವುಗಳಿಂದ ಶುರು ಮಾಡಿ. ‘ಕೆಳಗೂ ಅದೇ ಇದೆ’ ಅಂತ ಮಗುವಿನ ಬಾಯಿಂದಲೇ ಬರಲಿ. ಆ ಆರು ಒತ್ತುಗಳು ಆಮೇಲೆ, ವಾರಕ್ಕೊಂದು, ಜಾಸ್ತಿ ಬೇಡ.

ಓದಿಸುವಾಗ ‘ಸ ಕೆ ತ ಒತ್ತು ಸ್ತ’ ಅನ್ನುವ ರಾಗ ಬಿಡಿ. ಬರೆಯಲು ಹೇಳಿಕೊಡುವಾಗ ಅದು ಸರಿ. ಓದುವಾಗ ಮಗುವಿಗೆ ಬೇಕಾದದ್ದು ಸದ್ದು. ‘ತ ಒತ್ತು’ ಅನ್ನುವುದು ಒತ್ತಿನ ಹೆಸರು. ಹೆಸರಿನಿಂದ ಸದ್ದಿಗೆ ಹೋಗುವಷ್ಟರಲ್ಲಿ ಪದದ ಮೊದಲ ಅರ್ಧ ಮರೆತುಹೋಗಿರುತ್ತದೆ.

ಇನ್ನು ‘ರಾತ್ರಿ’ಯ ತೊಂದರೆ. ಆ ಹುಡುಗ ‘ರಾತಿರ’ ಅಂದದ್ದು ಸುಮ್ನೆ ಅಲ್ಲ. ಪದವನ್ನು ಅವನ ಕಣ್ಣಿನಿಂದ ನೋಡಿ. ಗುಡಿಸು ಇರುವುದು ‘ತ’ದ ಮೇಲೆ. ಎಡದಿಂದ ಬಂದರೆ ಮೊದಲು ‘ತಿ’ ಕಾಣುತ್ತದೆ, ಆಮೇಲೆ ರ ಒತ್ತು. ಕಂಡ ಹಾಗೆ ಓದಿದರೆ ‘ರಾತಿರ’ ಆಗುತ್ತದೆ. ‘ಅಕ್ಕಿ’ಯನ್ನು ‘ಅಕಿಕ’ ಅನ್ನುವುದು, ‘ಬೆಕ್ಕು’ವನ್ನು ‘ಬೆಕುಕ’ ಅನ್ನುವುದು ಇದೇ ಕಾರಣಕ್ಕೆ. ಸ್ವರದ ಗುರುತು ಮೇಲಿನ ಅಕ್ಷರಕ್ಕೆ ಅಂಟಿರುತ್ತದೆ, ಅದರ ಸದ್ದು ಮಾತ್ರ ಒತ್ತಿನ ನಂತರ ಬರುತ್ತದೆ. ನಮಗೆ ಅಭ್ಯಾಸವಾಗಿ ಇದು ಕಾಣುವುದೇ ಇಲ್ಲ, ಅಲ್ವಾ? ಮಗುವಿಗೆ ಇದನ್ನು ಬಿಡಿಸಿ ಹೇಳಿದವರೇ ಇರುವುದಿಲ್ಲ.

ಹೀಗೆ ಮಾಡಿ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಅಂಗೈಯಷ್ಟು ದೊಡ್ಡ ಕಾರ್ಡುಗಳಾಗಿ ಕತ್ತರಿಸಿ. ಒಂದರಲ್ಲಿ ಕಪ್ಪು ಸ್ಕೆಚ್ ಪೆನ್ನಿನಲ್ಲಿ ‘ತ’ ಬರೆಯಿರಿ. ಇನ್ನೊಂದರಲ್ಲಿ ಕೆಂಪಿನಲ್ಲಿ ರ ಒತ್ತು. ಪ್ಲಾಸ್ಟಿಕ್ ಹಾಳೆಯ ತುಂಡಿನ ಮೇಲೆ ನೀಲಿಯಲ್ಲಿ ಗುಡಿಸು. ಹಾಳೆ ಆಚೆ ಕಾಣುವಂಥದ್ದಿರಬೇಕು. ಹಳೆಯ ಫೈಲಿನ ಮುಂದಿನ ರಕ್ಷಾಪುಟ ಸಾಕು. ಮೊದಲು ‘ತ’ ಇಡಿ. ಮಗು ‘ತ್’ ಅಂತ ನಾಲಿಗೆ ನಿಲ್ಲಿಸಲಿ. ಕೆಳಗೆ ಒತ್ತು ಇಡಿ, ‘ತ್ರ್’ ಅನ್ನಲಿ. ಕೊನೆಯಲ್ಲಿ ಪ್ಲಾಸ್ಟಿಕ್ ತುಂಡನ್ನು ‘ತ’ದ ಮೇಲೆ ಮುಚ್ಚಿ. ‘ತ್ರಿ’. ಗುಡಿಸು ಕೊನೆಗೆ ಬಂದು ಕೂತದ್ದನ್ನು ಮಗುವಿನ ಕೈಯೇ ಮಾಡಿರುತ್ತದೆ. ಹತ್ತು ದಿನ ಮಗುವೇ ಕಾರ್ಡು ಜೋಡಿಸಲಿ, ನೀವು ಮುಟ್ಟಬೇಡಿ.

ಆಮೇಲೆ ಪುಸ್ತಕದಲ್ಲಿ ಇದೇ ದಾರಿಯಲ್ಲಿ ಬೆರಳು ಹೋಗಲಿ: ಮೇಲಿನ ಅಕ್ಷರ, ಕೆಳಗಿನ ಒತ್ತು, ಮತ್ತೆ ಮೇಲೆ ಗುಡಿಸು. ‘ಮೇಲೆ, ಕೆಳಗೆ, ಮೇಲೆ’ ಅಂತ ನಾನು ಮೆಲ್ಲಗೆ ಹೇಳುತ್ತೇನೆ. ಆ ಹುಡುಗನ ಬೆರಳು ಮೂರನೇ ವಾರ ತಾನಾಗಿ ಕೆಳಗಿಳಿದು ಮೇಲೆ ಬಂತು. ‘ರಾತ್... ರಿ’ ಅಂದ. ಈ ಸಲ ನನ್ನ ಮುಖ ನೋಡಲಿಲ್ಲ. ಮುಂದಿನ ಪದಕ್ಕೆ ಹೋದ.

ಕಲಿತದ್ದು ನಿಜವೋ ಬಾಯಿಪಾಠವೋ ಅಂತ ನೋಡಲು ಹೊಸ ಪದ ಕೊಡಿ. ‘ರಾತ್ರಿ’ ಕಲಿತ ಮಗುವಿಗೆ ‘ಮಂತ್ರಿ’, ‘ಛತ್ರಿ’ ಕೊಡಿ. ಓದಿದರೆ ಮುಂದೆ ಹೋಗಿ. ಓದದಿದ್ದರೆ ಬೈಯಬೇಡಿ, ಕಾರ್ಡು ತೆಗೆಯಿರಿ.

ಕೊಳ್ಳುವ ವಸ್ತುಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಹೊಳೆಯುವ ಕಾಗದದ ಬಣ್ಣಬಣ್ಣದ ಚಾರ್ಟುಗಳಲ್ಲಿ ಒತ್ತು ಇರುವೆಯಷ್ಟು ಚಿಕ್ಕದಿರುತ್ತದೆ, ಅಕ್ಷರದೊಳಗೆ ಹೂವು ಬಳ್ಳಿ ತುಂಬಿರುತ್ತದೆ. ತರಬೇಡಿ. ಓದು ಸರಿಮಾಡುತ್ತವೆ ಅಂತ ಬಣ್ಣದ ಕನ್ನಡಕ ಮಾರುವವರಿದ್ದಾರೆ, ಜ್ಞಾಪಕಶಕ್ತಿಯ ಟಾನಿಕ್ ಮಾರುವವರಿದ್ದಾರೆ. ಡಿಸ್ಲೆಕ್ಸಿಯಾ ಕಣ್ಣಿನ ಕಾಯಿಲೆಯಲ್ಲ, ಮರೆವಿನ ಕಾಯಿಲೆಯೂ ಅಲ್ಲ. ಆ ದುಡ್ಡನ್ನು ಉಳಿಸಿ.

ಹಂತ ೫: ಅರ್ಕಾವತ್ತು

ಒತ್ತಕ್ಷರ ಹಿಡಿತಕ್ಕೆ ಬಂದ ಮೇಲೇ ಇದು. ‘ಸೂರ್ಯ’ದಲ್ಲಿ ಮೊದಲು ನುಡಿಯುವ ‘ರ್’ ಬರಹದಲ್ಲಿ ಕೊನೆಗೆ ಬರುತ್ತದೆ. ಮಕ್ಕಳು ‘ಸೂಯರ್’ ಅನ್ನುತ್ತಾರೆ. ಕನ್ನಡ ಅಂಕಿ ಚೆನ್ನಾಗಿ ಗೊತ್ತಿದ್ದ ಒಬ್ಬಳು ‘ಸೂಯ ಒಂಬತ್ತು’ ಅಂತ ಓದಿದ್ದಳು. ಅವಳು ಕಂಡದ್ದು ಸರಿಯೇ. ಆ ಗುರುತು ೯ರ ಹಾಗೇ ಇದೆ.

ಮೊದಲ ಎರಡು ವಾರ ಅರ್ಕಾವತ್ತು ಬಿಟ್ಟುಬಿಡಿ. ‘ರ’ ಪೂರ್ತಿ ಬರೆದು ಕೆಳಗೆ ಯ ಒತ್ತು ಕೊಡಿ: ಸೂರ‍್ಯ. ಹೀಗೆ ಬರೆಯುವುದೂ ಕನ್ನಡದಲ್ಲಿ ಸರಿಯೇ. ನುಡಿಯುವ ಕ್ರಮದಲ್ಲೇ ಬರಹ ಇರುವುದರಿಂದ ಮಗು ಸಲೀಸಾಗಿ ಓದುತ್ತದೆ. ಆಮೇಲೆ ಎರಡೂ ರೂಪ ಅಕ್ಕಪಕ್ಕ ಬರೆದು ‘ಇದೂ ಅದೇ’ ಅಂತ ತೋರಿಸಿ. ಅರ್ಕಾವತ್ತು ಕಂಡಲ್ಲಿ ಮಗುವೇ ಪೆನ್ಸಿಲಿನಲ್ಲಿ ಹಿಂದಕ್ಕೆ ಒಂದು ಬಾಣ ಎಳೆಯಲಿ. ಕರ್ನಾಟಕ, ಧರ್ಮ, ಮಾರ್ಗ. ಒಂದು ಪುಟದಲ್ಲಿ ಹತ್ತು ಬಾಣ ಇದ್ದರೂ ಪರವಾಗಿಲ್ಲ. ಪಠ್ಯಪುಸ್ತಕ ಗಲೀಜಾಯಿತು ಅಂತ ದಯವಿಟ್ಟು ಅಳಿಸಬೇಡಿ.

ಹಂತ ೬: ತರಗತಿಯಲ್ಲಿ

ಮುಂದಿನ ಬೆಂಚು, ಕಿಟಕಿಯಿಂದ ದೂರ. ಎಲ್ಲರ ಮುಂದೆ ಎದ್ದು ನಿಂತು ಓದಿಸುವುದು ಬೇಡವೇ ಬೇಡ. ನಾಳೆ ಓದಬೇಕಾದ ಎರಡು ಸಾಲನ್ನು ಇವತ್ತೇ ಗುಟ್ಟಾಗಿ ಹೇಳಿ ಕಳಿಸಿ, ಆಗ ಮಗು ತಾನಾಗಿ ಕೈ ಎತ್ತುತ್ತದೆ. ವಿಜ್ಞಾನ, ಸಮಾಜದ ಉತ್ತರವನ್ನು ಬಾಯಲ್ಲಿ ಕೇಳಿ ಅಂಕ ಕೊಡಿ. ಅಲ್ಲಿ ನೋಡಬೇಕಾದದ್ದು ವಿಷಯ ಗೊತ್ತಿದೆಯೇ ಅಂತ.

ಆರೇಳು ತಿಂಗಳು ಹೀಗೆ ಮಾಡಿದರೂ ಮಗು ಏಗುತ್ತಿದ್ದರೆ ಡಿಸ್ಲೆಕ್ಸಿಯಾ ಇದೆಯೇ ಅಂತ ಪರೀಕ್ಷೆ ಮಾಡಿಸಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಸರ್ಕಾರಿ ಶಾಲೆಯಾದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿ, ಇಂಥ ಮಕ್ಕಳ ಕೆಲಸಕ್ಕೆಂದೇ ಅವರಿರುವುದು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ೨೧ ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು, ಡಿಸ್ಲೆಕ್ಸಿಯಾ ಅದರಲ್ಲೇ ಬರುತ್ತದೆ. ೧೯೯೫ರ ಹಳೆಯ ಕಾಯ್ದೆಯಲ್ಲಿ ಅದು ಇರಲಿಲ್ಲ. ಹಾಗಾಗಿ ‘ಇದೆಲ್ಲ ಲೆಕ್ಕಕ್ಕಿಲ್ಲ’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವ ಸಹಾಯಕರು ಇಂಥ ರಿಯಾಯಿತಿಗೆ ಪ್ರಮಾಣಪತ್ರ ಬೇಕೇ ಬೇಕು. ಬಹಳ ಜನ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಬರುವ ಹೊತ್ತಿಗೆ ಓಡಾಡುತ್ತಾರೆ. ಎಂಟನೇ ತರಗತಿಯಲ್ಲೇ ಮಾಡಿಸಿ, ಎರಡು ಝೆರಾಕ್ಸ್ ಶಾಲೆಗೆ ಕೊಟ್ಟು, ಕೊಟ್ಟಿದ್ದಕ್ಕೆ ಸಹಿ ಹಾಕಿಸಿಕೊಂಡು ಬನ್ನಿ.