ಎರಡು ಗಾಲಿ ನೆಲ ಬಿಟ್ಟಾಗ ಗೊತ್ತಾಗುತ್ತದೆ ಗಾಡಿ ಎಂಥದ್ದು ಅಂತ

ಬೆಟ್ಟದ ದಾರಿಗೆ ಯಾವ ಫೋರ್ ವೀಲ್ ಡ್ರೈವ್ ಒಳ್ಳೇದು ಎಂದು ಕೇಳುವವರು ಮೊದಲು ಹಾರ್ಸ್‌ಪವರ್ ವಿಚಾರಿಸುತ್ತಾರೆ. ಆಮೇಲೆ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಗಾಡಿಯ ಹೊಟ್ಟೆಗೂ ನೆಲಕ್ಕೂ ಇರುವ ಅಂತರ. ನಾನು ಕೇಳುವುದು ಒಂದೇ ಪ್ರಶ್ನೆ: ಎರಡು ಗಾಲಿ ನೆಲ ಬಿಟ್ಟಾಗ ಆ ಗಾಡಿ ಏನು ಮಾಡುತ್ತದೆ? ನನ್ನ ಗಾಡಿ, ಗೆಳೆಯರ ಗಾಡಿ ಎಂದು ಅದಲು ಬದಲು ಮಾಡಿ ವರ್ಷಗಟ್ಟಲೆ ಓಡಿಸಿದ ಮೇಲೆ ನನ್ನ ಹತ್ತಿರ ಉಳಿದಿರುವ ಅಳತೆಗೋಲು ಇದು. ಬ್ರೋಷರ್ ಓದಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ.

ನಾವು ಗಾಡಿಗಳನ್ನು ಹೋಲಿಸಿ ನೋಡುವ ಜಾಗ ಒಂದಿದೆ. ಕಡಿದಾದ ಏರು. ಮಳೆ ನೀರು ಎಡಗಡೆ ಒಂದು ಕೊರಕಲು ಮಾಡಿದೆ. ಸ್ವಲ್ಪ ಕೆಳಗೆ ಬಲಗಡೆ ಇನ್ನೊಂದು. ಮುಂದಿನ ಎಡ ಗಾಲಿ ಮೇಲಿನ ಕೊರಕಲಿಗೆ ಇಳಿಯುವ ಹೊತ್ತಿಗೆ ಹಿಂದಿನ ಬಲ ಗಾಲಿ ಕೆಳಗಿನದಕ್ಕೆ ಬಂದಿರುತ್ತದೆ. ಭಾರವೆಲ್ಲ ಉಳಿದ ಎರಡು ಗಾಲಿಗಳ ಮೇಲೆ. ಕಾಲು ಗಿಡ್ಡವಾದ ಮೇಜಿನ ಹಾಗೆ ಗಾಡಿ ಅತ್ತ ಇತ್ತ ತೂಗುತ್ತದೆ. ಎರಡೂ ಕೊರಕಲು ಉದ್ದಕ್ಕಿರುವುದರಿಂದ ಗಿಡ್ಡ ಗಾಡಿಗೂ ಉದ್ದ ಗಾಡಿಗೂ ಈ ಪರೀಕ್ಷೆ ತಪ್ಪಿದ್ದಲ್ಲ.

ಇಲ್ಲಿ ಆಗುವುದೇನು? ಎಂಜಿನ್ನಿನ ಬಲವನ್ನು ಎಡ ಬಲ ಗಾಲಿಗಳಿಗೆ ಹಂಚುವ ಗೇರ್ ಜೋಡಣೆಗೆ ಡಿಫರೆನ್ಷಿಯಲ್ ಅನ್ನುತ್ತಾರೆ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಗಾಲಿಗೆ ಒಂದೇ ಸಮ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಕೇಳೋಕೆ ನ್ಯಾಯವಾಗೇ ಇದೆ, ಅಲ್ವಾ? ಆದರೆ ಗಾಳಿಯಲ್ಲಿರುವ ಗಾಲಿ ತಿರುಗಲು ಬಲವೇ ಬೇಕಿಲ್ಲ. ಅದಕ್ಕೆ ಹೋಗುವುದು ಚೂರೇ ಚೂರು. ನೆಲದ ಮೇಲಿರುವ ಗಾಲಿಗೂ ಅಷ್ಟೇ ಚೂರು. ಹಾಗಾಗಿ ಫೋರ್ ವೀಲ್ ಡ್ರೈವ್ ಹಾಕಿದ್ದರೂ ಮುಂದೆ ಒಂದು, ಹಿಂದೆ ಒಂದು ಗಾಲಿ ಸುಮ್ನೆ ಗಿರಗಿರ ಸುತ್ತುತ್ತವೆ. ಗಾಡಿ ನಿಂತಲ್ಲೇ ನಿಂತಿರುತ್ತದೆ. ಅಲ್ಲಿ ನೂರು ಹಾರ್ಸ್‌ಪವರ್ ಇದ್ದರೂ ಅಷ್ಟೇ, ಮುನ್ನೂರಿದ್ದರೂ ಅಷ್ಟೇ.

ಇದಕ್ಕೆ ಮೂರು ದಾರಿ ಇದೆ. ಗಾಲಿ ನೆಲ ಬಿಡದಂತೆ ಸಸ್ಪೆನ್ಷನ್ ಚೆನ್ನಾಗಿ ಮೇಲೆ ಕೆಳಗೆ ಆಡಬೇಕು. ಇಲ್ಲ, ಸುತ್ತುತ್ತಿರುವ ಗಾಲಿಗೆ ಗಾಡಿಯೇ ಬ್ರೇಕ್ ಹಿಡಿದು ಬಲವನ್ನು ನೆಲದ ಮೇಲಿರುವ ಗಾಲಿಗೆ ಕಳಿಸಬೇಕು. ಅದೂ ಇಲ್ಲ ಅಂದರೆ ಡಿಫರೆನ್ಷಿಯಲ್ಲನ್ನೇ ಲಾಕ್ ಮಾಡಿ ಎರಡು ಗಾಲಿ ಒಟ್ಟಿಗೇ ತಿರುಗುವ ಹಾಗೆ ಮಾಡಬೇಕು. ಒಂದೊಂದು ಗಾಡಿ ಒಂದೊಂದು ದಾರಿ ಹಿಡಿದಿದೆ.

ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ ಮೊದಲನೆಯದೂ ಇದೆ, ಮೂರನೆಯದೂ ಇದೆ. ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಅಂದರೆ ಎಡ ಬಲ ಗಾಲಿಗಳನ್ನು ಸೇರಿಸುವ ಒಂದೇ ಗಟ್ಟಿ ತೊಲೆ. ಬಟನ್ ಒತ್ತಿದರೆ, ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವ ಮುಂದಿನ ಸ್ವೇ ಬಾರ್ ಕಳಚಿಕೊಳ್ಳುತ್ತದೆ, ಗಾಲಿ ಇನ್ನಷ್ಟು ಕೆಳಗೆ ಇಳಿಯುತ್ತದೆ. ಎರಡು ಡಿಫರೆನ್ಷಿಯಲ್‌ಗೂ ಲಾಕರ್. ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಲೋ ರೇಂಜ್, ಅಂದರೆ ನಿಧಾನಕ್ಕೆ ಜಾಸ್ತಿ ಬಲದಿಂದ ತೆವಳುವ ಗೇರ್, 4:1. ಮ್ಯಾನುಯಲ್ ಗೇರ್‌ನ ಗಾಡಿಯಲ್ಲಿ ಲೋ ಫಸ್ಟ್ ಹಾಕಿದರೆ ಎಂಜಿನ್ ಸುಮಾರು 84 ಸುತ್ತು ಸುತ್ತಿದಾಗ ಗಾಲಿ ಒಂದು ಸುತ್ತು. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಕಲ್ಲು ಹತ್ತಿ ಇಳಿಯುತ್ತದೆ, ಪಕ್ಕದಲ್ಲಿ ನಡೆಯುವವನು ಅದನ್ನು ದಾಟಿ ಹೋಗಬಹುದು. ನಮ್ಮ ಕೊರಕಲಿನಲ್ಲಿ ಹಿಂದಿನ ಲಾಕರ್ ಒಂದೇ ಸಾಕಾಯಿತು. ಮುಂದಿನದು ಹಾಕಿದರೆ ಸ್ಟೀರಿಂಗ್ ತಿರುಗಿಸೋದು ಕಷ್ಟ, ಗಾಡಿ ನೇರಕ್ಕೇ ಎಳೆಯುತ್ತದೆ. ಇಕ್ಕಟ್ಟಿನ ತಿರುವಿನಲ್ಲಿ ಅದನ್ನು ಹಾಕಿಕೊಂಡೇ ಹೋಗುವ ಹಾಗಿಲ್ಲ.

ನಾಲ್ಕು ಬಾಗಿಲಿನ ರೂಬಿಕಾನ್‌ನ ಕಷ್ಟ ಬೇರೆ ಕಡೆ ಇದೆ. ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಗಾಲಿಗಳ ನಡುವಿನ ಅಂತರ, 3008 ಮಿಲಿಮೀಟರ್. ಚೂಪಾದ ದಿಣ್ಣೆ ಹತ್ತಿ ಆಚೆ ಇಳಿಯುವಾಗ ಹೊಟ್ಟೆ ತಾಗುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಹಿಂದೆ ಮುಂದೆ ಮಾಡಿಕೊಂಡೇ ತಿರುಗಿಸಬೇಕು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಪ್ರಪಾತ ಇರುವಾಗ ಹಿಂದೆ ಮುಂದೆ ಮಾಡೋದು ಎಷ್ಟು ಖುಷಿ ಕೊಡುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಸುಜುಕಿ ಜಿಮ್ನಿ ಇದಕ್ಕೆ ಪೂರ್ತಿ ಉಲ್ಟಾ. ಮೂರು ಬಾಗಿಲಿನ ಜಿಮ್ನಿಯ ವೀಲ್‌ಬೇಸ್ ಬರೀ 2250 ಮಿಲಿಮೀಟರ್. ತಿರುಗುವ ರೇಡಿಯಸ್ 4.9 ಮೀಟರ್. ಹೊಟ್ಟೆ ತಾಗದೆ ದಾಟಬಲ್ಲ ದಿಣ್ಣೆಯ ಕೋನ 28 ಡಿಗ್ರಿ. ಇದಕ್ಕೂ ಎರಡೂ ಕಡೆ ಗಟ್ಟಿ ಆಕ್ಸಲ್ ಇದೆ, ಲೋ ರೇಂಜ್ ಇದೆ. ಆದರೆ ಕಂಪನಿಯಿಂದ ಬರುವಾಗ ಲಾಕರ್ ಇರುವುದಿಲ್ಲ. ಸುತ್ತುವ ಗಾಲಿಗೆ ಬ್ರೇಕ್ ಹಿಡಿಯುವುದೇ ಅದರ ಉಪಾಯ.

ಇದನ್ನು ಓಡಿಸೋಕೆ ಬೇರೆ ಅಭ್ಯಾಸ ಬೇಕು. ಕೊರಕಲಿನಲ್ಲಿ ಗಾಡಿ ನಿಂತಿತು. ಎರಡು ಗಾಲಿ ಸುತ್ತತೊಡಗಿದವು. ಲಾಕರ್ ಗಾಡಿ ಓಡಿಸಿ ರೂಢಿ ಇದ್ದವರು ಇಲ್ಲಿ ತಟ್ಟನೆ ಕಾಲು ತೆಗೆಯುತ್ತಾರೆ. ಹಾಗೆ ತೆಗೆಯಬಾರದು. ಆಕ್ಸಿಲರೇಟರನ್ನು ಒಂದೇ ಹದದಲ್ಲಿ, ಜಾಸ್ತಿಯೂ ಅಲ್ಲ ಕಮ್ಮಿಯೂ ಅಲ್ಲ, ಹಿಡಿದುಕೊಂಡು ಕಾಯಬೇಕು. ಒಂದೆರಡು ಕ್ಷಣಕ್ಕೆ ಕೆಳಗಿನಿಂದ ಕಟಕಟ ಸದ್ದು ಬರುತ್ತದೆ. ಅದು ಬ್ರೇಕ್ ಹಿಡಿದು ಬಿಡುವ ಸದ್ದು. ಸುತ್ತುತ್ತಿದ್ದ ಗಾಲಿ ನಿಧಾನವಾಗುತ್ತದೆ, ಆಚೆಯ ಗಾಲಿ ನೆಲ ಕಚ್ಚುತ್ತದೆ, ಗಾಡಿ ಒಮ್ಮೆ ಮೈ ಕೊಡವಿ ಮುಂದಕ್ಕೆ ಹೋಗುತ್ತದೆ. ಆ ಸದ್ದು ಕೇಳಿ ಏನೋ ಮುರಿಯಿತು ಎಂದು ಗಾಡಿ ನಿಲ್ಲಿಸಿದವರನ್ನು ನಾನು ನೋಡಿದ್ದೇನೆ.

ಐದು ಬಾಗಿಲಿನ ಜಿಮ್ನಿಯಲ್ಲಿ ವೀಲ್‌ಬೇಸ್ 2590 ಆಗಿದೆ, ದಿಣ್ಣೆಯ ಕೋನ 24 ಡಿಗ್ರಿಗೆ ಇಳಿದಿದೆ. ಇದು ನಷ್ಟ ಅಂತ ಎಲ್ಲರೂ ಹೇಳುತ್ತಾರೆ. ಕಡಿದಾದ ಮೆಟ್ಟಿಲಂಥ ಏರಿನಲ್ಲಿ ಗಿಡ್ಡ ಗಾಡಿಯ ಮೂತಿ ಹಗುರವಾಗಿ ಕುಣಿಯುವುದನ್ನು ಅನುಭವಿಸಿದವರು ಹಾಗೆ ಹೇಳಲಾರರು. ಉದ್ದದ ಗಾಡಿ ಅಲ್ಲಿ ಜಾಸ್ತಿ ಸಮಾಧಾನದಿಂದ ಹತ್ತುತ್ತದೆ.

ಮಹೀಂದ್ರ ಥಾರ್, ಅಂದರೆ 2020ರಲ್ಲಿ ಬಂದ ಮಾದರಿ, ಇವೆರಡರ ನಡುವೆ ನಿಲ್ಲುತ್ತದೆ. ವೀಲ್‌ಬೇಸ್ 2450, ಕ್ಲಿಯರೆನ್ಸ್ 226 ಮಿಲಿಮೀಟರ್, 650 ಮಿಲಿಮೀಟರ್ ನೀರಿನಲ್ಲಿ ಇಳಿಯಬಹುದು. ಮುಂದೆ ಗಟ್ಟಿ ಆಕ್ಸಲ್ ಇಲ್ಲ, ಎರಡು ಗಾಲಿಯೂ ಬೇರೆ ಬೇರೆ ಆಡುತ್ತವೆ. ಹಾಗಾಗಿ ರಸ್ತೆಯಲ್ಲಿ ಹಾಯಾಗಿರುತ್ತದೆ, ಕೊರಕಲಿನಲ್ಲಿ ಮಾತ್ರ ಮುಂದಿನ ಗಾಲಿ ಬೇಗ ಮೇಲೇಳುತ್ತದೆ. ಕೆಲವು ಮಾದರಿಗಳಲ್ಲಿ ಹಿಂದಿನ ಡಿಫರೆನ್ಷಿಯಲ್ ತಾನಾಗಿ ಲಾಕ್ ಆಗುವಂಥದ್ದು. ಒಂದು ಗಾಲಿ ಜೋರಾಗಿ ಸುತ್ತಿದ ಕೂಡಲೇ ಧಡ್ ಎಂದು ಕಚ್ಚಿಕೊಳ್ಳುತ್ತದೆ. ಬಟನ್ ಹುಡುಕುವ ಕೆಲಸವಿಲ್ಲ. ಆದರೆ ಕಚ್ಚುವ ಕ್ಷಣ ನಮ್ಮ ಕೈಯಲ್ಲಿಲ್ಲ. ಒದ್ದೆ ಬಂಡೆಯ ಮೇಲೆ ಆ ಧಡ್ ಆದಾಗ ಹಿಂಭಾಗ ಸ್ವಲ್ಪ ಪಕ್ಕಕ್ಕೆ ಜರುಗುತ್ತದೆ, ಅದಕ್ಕೆ ಮೊದಲೇ ಜಾಗ ಇಟ್ಟುಕೊಂಡಿರಬೇಕು.

ಇನ್ನು ಹೊಸ ಲ್ಯಾಂಡ್ ರೋವರ್ ಡಿಫೆಂಡರ್. ನಾಲ್ಕೂ ಗಾಲಿ ಸ್ವತಂತ್ರ. ಏರ್ ಸಸ್ಪೆನ್ಷನ್ ಇದ್ದರೆ ಹೊಟ್ಟೆ ನೆಲದಿಂದ 291 ಮಿಲಿಮೀಟರ್‌ವರೆಗೆ ಎದ್ದು ನಿಲ್ಲುತ್ತದೆ, 900 ಮಿಲಿಮೀಟರ್ ನೀರು ದಾಟುತ್ತದೆ. ಕೊರಕಲಿನಲ್ಲಿ ನಾನೇನೂ ಮಾಡಲಿಲ್ಲ, ಎಲ್ಲ ಅದೇ ಲೆಕ್ಕ ಹಾಕಿಕೊಂಡು ಹತ್ತಿತು. ನನಗೆ ಅದು ಅಷ್ಟು ಇಷ್ಟವಾಗಲಿಲ್ಲ. ಯಾವ ಗಾಲಿ ಎಲ್ಲಿದೆ ಎಂಬುದು ಕುಂಡೆಗೆ ಗೊತ್ತಾಗಬೇಕು, ಸ್ಕ್ರೀನಿಗಲ್ಲ ಎನ್ನುವವನು ನಾನು. ಅದಕ್ಕಿಂತ ಮುಖ್ಯವಾದದ್ದು ತೂಕ. ಉದ್ದದ ಡಿಫೆಂಡರ್ ಎರಡು ಟನ್ ದಾಟುತ್ತದೆ, ಐದು ಬಾಗಿಲಿನ ಜಿಮ್ನಿ ಸುಮಾರು 1200 ಕಿಲೋ. ಮಳೆಗೆ ಮೆತ್ತಗಾದ ದಾರಿಯ ಅಂಚು ಯಾವುದನ್ನು ತಡೆಯುತ್ತದೆ, ಯಾವುದರ ಜೊತೆ ಕುಸಿಯುತ್ತದೆ ಎಂದು ಯೋಚಿಸಿ.

ಹಾಗಾಗಿ ಯಾರಾದರೂ ನೀನೇ ಆರಿಸು ಎಂದರೆ, ಇಕ್ಕಟ್ಟಾದ ಬೆಟ್ಟದ ದಾರಿಗೆ ಹಗುರ, ಗಿಡ್ಡ ಗಾಡಿ ತಗೊಂಡು ಹಿಂದಿನ ಆಕ್ಸಲ್‌ಗೆ ಒಂದು ಲಾಕರ್ ಹಾಕಿಸುತ್ತೇನೆ. ಬಂಡೆಗಳ ಏಣಿಯನ್ನೇ ಹತ್ತುವ ಹುಚ್ಚಿದ್ದರೆ ರೂಬಿಕಾನ್. ಲೋ ರೇಂಜ್ ಇಲ್ಲದ ಆಲ್ ವೀಲ್ ಡ್ರೈವ್ ಗಾಡಿಯನ್ನು ಈ ಪಟ್ಟಿಗೇ ಸೇರಿಸುವುದಿಲ್ಲ. ಮಣ್ಣು ರಸ್ತೆಗೆ, ಹಿಮಕ್ಕೆ ಅದು ಸರಿ. ಕಡಿದಾದ ಇಳಿಜಾರಿನಲ್ಲಿ ಎಂಜಿನ್ ಹಿಡಿತ ಸಾಲದೆ ಬ್ರೇಕನ್ನೇ ನಂಬಬೇಕಾಗುತ್ತದೆ.

ಓಡಿಸುವ ವಿಷಯಕ್ಕೆ ಬರೋಣ. ದಾರಿ ಶುರುವಾಗುವಲ್ಲಿ ನಾನು ಮೊದಲು ಟೈರ್ ಗಾಳಿ ಇಳಿಸುತ್ತೇನೆ. ರಸ್ತೆಗೆ 32 ಪಿಎಸ್‌ಐ ಇದ್ದರೆ ಇಲ್ಲಿ 20ರ ಆಸುಪಾಸು. ಟೈರ್ ನೆಲದ ಮೇಲೆ ಉದ್ದಕ್ಕೆ ಹರಡುತ್ತದೆ, ಕಲ್ಲಿನ ಮೂಲೆಗೆ ಒಗ್ಗಿಕೊಳ್ಳುತ್ತದೆ. ಲಕ್ಷಗಟ್ಟಲೆ ಸುರಿದು ಹಾಕಿಸುವ ಸಾಮಾನಿಗಿಂತ ಈ ಪುಕ್ಕಟೆ ಕೆಲಸದಿಂದಲೇ ಜಾಸ್ತಿ ಹಿಡಿತ ಸಿಗುತ್ತದೆ. ಮಾಮೂಲಿ ರಿಮ್ ಇರುವಾಗ 15ಕ್ಕಿಂತ ಕೆಳಗೆ ಹೋಗುವುದಿಲ್ಲ, ತಿರುವಿನಲ್ಲಿ ಟೈರ್ ರಿಮ್ಮಿನಿಂದ ಕಳಚಿಕೊಳ್ಳಬಹುದು. ಗಾಳಿ ಇಳಿಸಿದ ಮೇಲೆ ವೇಗ ಬೇಡ. ವಾಪಸ್ ತುಂಬಿಸಲು ಕಂಪ್ರೆಸರ್ ಗಾಡಿಯಲ್ಲೇ ಇರಬೇಕು.

ಆಮೇಲೆ ಇಳಿದು ನಡೆಯುತ್ತೇನೆ. ಕಷ್ಟದ ಜಾಗ ಯಾವುದೇ ಇರಲಿ, ಕಾಲಿನಲ್ಲಿ ಹೋಗಿ ನೋಡದೆ ಗಾಲಿ ಇಡುವುದಿಲ್ಲ. ನೋಡಬೇಕಾದ್ದು ಆಕ್ಸಲ್ ಮೇಲೆ ಉಬ್ಬಿರುವ ಡಿಫರೆನ್ಷಿಯಲ್ ಉಂಡೆ ಎಲ್ಲಿ ಹಾಯುತ್ತದೆ ಎಂದು. ಗಟ್ಟಿ ಆಕ್ಸಲ್‌ನಲ್ಲಿ ಗಾಡಿಯ ತೀರ ಕೆಳಗಿನ ಭಾಗ ಅದೇ. ದೊಡ್ಡ ಕಲ್ಲು ಎದುರಾದರೆ ಹೊಸಬರು ಅದನ್ನು ಎರಡು ಗಾಲಿಗಳ ನಡುವೆ ಬಿಡುತ್ತಾರೆ. ಗಾಲಿಯನ್ನೇ ಕಲ್ಲಿನ ಮೇಲೆ ಹತ್ತಿಸಿ. ಟೈರ್ ಎತ್ತರಕ್ಕೆ ಎತ್ತುತ್ತದೆ, ಆಕ್ಸಲ್ ಕೂಡ ಜೊತೆಗೇ ಏಳುತ್ತದೆ.

ಹೊರಗೆ ನಿಂತು ದಾರಿ ತೋರಿಸುವವನು ಒಬ್ಬನೇ ಇರಬೇಕು. ನಾಲ್ಕು ಜನ ನಾಲ್ಕು ಕಡೆ ಕೈ ಬೀಸಿದರೆ ನಾನು ಹ್ಯಾಂಡ್ ಬ್ರೇಕ್ ಎಳೆದು ಸುಮ್ಮನೆ ಕೂತುಬಿಡುತ್ತೇನೆ. ಹೆಬ್ಬೆರಳು ಸ್ಟೀರಿಂಗ್ ಒಳಗೆ ಹಾಕುವುದಿಲ್ಲ. ಗಾಲಿ ಕಲ್ಲಿಗೆ ಬಡಿದು ಸ್ಟೀರಿಂಗ್ ತಿರುಗಿದರೆ ಬೆರಳಿಗೆ ಏಟು ಬೀಳುತ್ತದೆ.

ಏರಿನ ಅರ್ಧದಲ್ಲಿ ಗಾಡಿ ನಿಂತುಹೋದಾಗ ಏನು ಮಾಡಬೇಕು ಎಂಬುದೇ ಬೆಟ್ಟದಲ್ಲಿ ಜೀವ ಉಳಿಸುವ ಪಾಠ. ಅಲ್ಲಿ ಗಾಡಿ ತಿರುಗಿಸಲು ಹೋಗಬಾರದು. ಅಡ್ಡ ನಿಂತ ಗಾಡಿ ಉರುಳುತ್ತದೆ. ನ್ಯೂಟ್ರಲ್ ಮಾಡಿ ಬ್ರೇಕಿನ ಮೇಲೆ ಹಿಂದಕ್ಕೆ ಬಿಡಲೂಬಾರದು. ಮುಂದಿನ ಗಾಲಿಗಳ ಮೇಲೆ ಭಾರವಿರುವುದಿಲ್ಲ, ಅವು ಲಾಕ್ ಆಗಿ ಜಾರುತ್ತವೆ, ಸ್ಟೀರಿಂಗ್ ಮಾತು ಕೇಳುವುದಿಲ್ಲ. ನಾನು ಬ್ರೇಕ್ ಒತ್ತಿಕೊಂಡು ಲೋ ರಿವರ್ಸ್ ಹಾಕುತ್ತೇನೆ, ಕ್ಲಚ್ ಪೂರ್ತಿ ಬಿಡುತ್ತೇನೆ, ಆಮೇಲೆ ನಿಧಾನವಾಗಿ ಬ್ರೇಕ್ ಸಡಿಲಿಸುತ್ತೇನೆ. ಎಂಜಿನ್ ಹಿಡಿದುಕೊಂಡೇ ಗಾಡಿ ಬಂದ ದಾರಿಯಲ್ಲಿ ನೇರ ಹಿಂದಕ್ಕೆ ಇಳಿಯುತ್ತದೆ. ಇದನ್ನು ಸಣ್ಣ ದಿಬ್ಬದಲ್ಲಿ ಕಲಿಯಿರಿ, ಕೈಕಾಲಿಗೆ ಅಭ್ಯಾಸ ಆಗುವವರೆಗೆ.

ಇಳಿಯುವಾಗಲೂ ಅದೇ ಲೆಕ್ಕ. ಲೋ ಫಸ್ಟ್, ಕ್ಲಚ್ ಮೇಲೆ ಕಾಲಿಲ್ಲ. ಹಿಂಭಾಗ ಜಾರಿ ಅಡ್ಡ ಬರತೊಡಗಿದರೆ ಮನಸ್ಸು ಬ್ರೇಕ್ ಒತ್ತು ಅನ್ನುತ್ತದೆ. ಅಲ್ಲಿ ಒಂಚೂರು ಆಕ್ಸಿಲರೇಟರ್ ಕೊಡಬೇಕು, ಗಾಲಿಗಳು ಮತ್ತೆ ಉರುಳಿ ಗಾಡಿ ನೆಟ್ಟಗಾಗುತ್ತದೆ. ಇದನ್ನು ನಂಬೋಕೆ ನನಗೂ ಸಮಯ ಬೇಕಾಯಿತು.

ಎತ್ತರ ಏರಿದಂತೆ ಎಂಜಿನ್ ಸೊರಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1000 ಮೀಟರ್‌ಗೆ ಸುಮಾರು 10 ಪರ್ಸೆಂಟ್ ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಇದ್ದರೆ ಅಷ್ಟು ಗೊತ್ತಾಗುವುದಿಲ್ಲ. ಆದರೆ ಲೋ ರೇಂಜ್‌ನಲ್ಲಿ ತೆವಳುವವನಿಗೆ ಇದು ದೊಡ್ಡ ತಲೆನೋವಲ್ಲ.

ಸಿಕ್ಕಿಬಿದ್ದ ಗಾಡಿ ಎಳೆಯುವಾಗ ಹಗ್ಗವನ್ನು ಟ್ರೇಲರ್ ಕಟ್ಟುವ ದುಂಡನೆಯ ಟೋ ಬಾಲ್‌ಗೆ ಯಾವತ್ತೂ ಹಾಕಬೇಡಿ. ಆ ಗುಂಡು ಕಿತ್ತು ಬಂದರೆ ತೋಪಿನ ಗುಂಡೇ. ಚಾಸಿಗೆ ಬೋಲ್ಟ್ ಮಾಡಿದ ರಿಕವರಿ ಪಾಯಿಂಟ್, ಅಂದರೆ ಹಗ್ಗ ಕಟ್ಟಿ ಎಳೆಯುವ ಕೊಂಡಿ, ಇಲ್ಲದ ಗಾಡಿಯನ್ನು ನಾನು ಬೆಟ್ಟಕ್ಕೆ ಜೊತೆಗೆ ಕರೆದುಕೊಂಡು ಹೋಗುವುದಿಲ್ಲ, ಅದು ಎಷ್ಟೇ ದೊಡ್ಡವರ ಗಾಡಿ ಆಗಲಿ.

ವಾಪಸ್ ಡಾಂಬರು ರಸ್ತೆ ಮುಟ್ಟಿದ ಕೂಡಲೇ ಫೋರ್ ವೀಲ್ ತೆಗೆದು ಟೂ ವೀಲ್‌ಗೆ ಬರುತ್ತೇನೆ. ಜಿಮ್ನಿ, ಥಾರ್‌ನಂಥ ಗಾಡಿಗಳಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ, ಒಣ ರಸ್ತೆಯ ತಿರುವಿನಲ್ಲಿ ಗೇರ್‌ಗಳು ಒಂದಕ್ಕೊಂದು ಎಳೆದಾಡುತ್ತವೆ. ಗಾಳಿ ತುಂಬುತ್ತಾ ಟೈರಿನ ಪಕ್ಕ ಗೋಡೆಗಳನ್ನು, ಒಳಗಿನದನ್ನೂ ಸೇರಿಸಿ, ಕೈಯಾಡಿಸಿ ನೋಡುತ್ತೇನೆ. ಕಲ್ಲು ಸೀಳುವುದು ಅಲ್ಲೇ. ಮುಂದೆ ಹೈವೇಯಲ್ಲಿ ಸ್ಟೀರಿಂಗ್ ನಡುಗಿದರೆ ಅಲೈನ್‌ಮೆಂಟ್ ಹೋಯಿತು ಎಂದು ಗಾಬರಿ ಬೀಳಬೇಡಿ. ಗಾಡಿ ಪಕ್ಕಕ್ಕೆ ಹಾಕಿ, ಒಂದು ಕಡ್ಡಿ ತಗೊಂಡು ರಿಮ್ ಒಳಗೆ ಒಣಗಿ ಕೂತ ಕೆಸರು ಕೆರೆಯಿರಿ. ಹತ್ತಕ್ಕೆ ಒಂಬತ್ತು ಸಲ ನಡುಕ ಅಲ್ಲೇ ನಿಲ್ಲುತ್ತದೆ.